ಮದ್ರಾಸಿನ ದೀಪ ನಾಲ್ಕು ಮನೆ ಕಂಡ ಕಥೆ

ಚೆನ್ನೈ ಮರೀನಾದ ಲೈಟ್‌ಹೌಸ್‌ಗೆ ಹೋದಾಗ ನನಗೆ ಮೊದಲು ಖುಷಿ ಆಗಿದ್ದು ಸಮುದ್ರ ನೋಡಿ ಅಲ್ಲ, ಲಿಫ್ಟ್ ನೋಡಿ. ನಮ್ಮ ಕಾಪುವಿನಲ್ಲಿ ಬಂಡೆ ಹತ್ತಿ, ಆಮೇಲೆ ಗೋಪುರದ ಒಳಗಿನ ಮೆಟ್ಟಿಲೂ ಹತ್ತಿ ಮೊಣಕಾಲು ನಡುಗಿಸಿಕೊಂಡು ಇಳಿದವನು ನಾನು, ಇಲ್ಲಿ ಬಟನ್ ಒತ್ತಿದ್ರೆ ಮುಗೀತು. ಮೇಲೆ ಗಾಳಿ ಎಷ್ಟಿತ್ತು ಅಂದ್ರೆ ಒಂದು ಕೈ ಕ್ಯಾಪ್ ಹಿಡ್ಕೊಳ್ಳೋಕೇ ಬೇಕು. ಕೆಳಗೆ ಮರಳು, ಮೀನಿನ ದೋಣಿಗಳು, ಉತ್ತರಕ್ಕೆ ನೋಡಿದ್ರೆ ದೂರದಲ್ಲಿ ಹಾರ್ಬರ್ ಕ್ರೇನುಗಳು. ಅದೇ ದಿಕ್ಕಲ್ಲಿ, ಒಂದಕ್ಕೊಂದು ನಡೆದು ಹೋಗೋ ದೂರದಲ್ಲಿ, ಇದರ ಮೂರು ಅಣ್ಣಂದಿರು ಇನ್ನೂ ನಿಂತಿದ್ದಾರೆ ಅಂತ ಗೊತ್ತಾಗಿದ್ದು ಆಮೇಲೆ. ಅಂದ್ರೆ ನಾನು ಹತ್ತಿದ್ದು ನಾಲ್ಕನೇದು.

ಇಷ್ಟೊಂದು ಯಾಕೆ ಬೇಕಾಯ್ತು ಅಂತ ತಿಳ್ಕೋಬೇಕಾದ್ರೆ ಮದ್ರಾಸಿಗೆ ಮೊದಲು ಹಾರ್ಬರೇ ಇರಲಿಲ್ಲ ಅನ್ನೋದರಿಂದ ಶುರು ಮಾಡಬೇಕು. ಹಡಗುಗಳು ದಡಕ್ಕೆ ಬರ್ತಾನೇ ಇರಲಿಲ್ಲ, ದೂರದಲ್ಲಿ ಲಂಗರು ಹಾಕಿ ನಿಲ್ಲೋದು, ಅಲ್ಲಿಂದ ಜನ ಸಾಮಾನು ಎಲ್ಲಾ ಮಸುಲಾ ದೋಣಿಯಲ್ಲಿ ಅಲೆ ದಾಟಿ ಬರಬೇಕು. ಆ ದೋಣಿಗೆ ಒಂದು ಮೊಳೆ ಕೂಡ ಇಲ್ಲ, ಹಲಗೆಗಳನ್ನ ತೆಂಗಿನ ನಾರಿನ ಹಗ್ಗದಲ್ಲಿ ಹೊಲೀತಿದ್ರು, ಅಲೆ ಹೊಡೆದಾಗ ಒಡೆಯೋ ಬದಲು ಸ್ವಲ್ಪ ಬಾಗಲಿ ಅಂತ. ಇನ್ನು ದಡ ನೋಡಿದ್ರೆ ಚಪ್ಪಟೆ ಮರಳು, ರಾತ್ರಿ ಬರೋ ಹಡಗಿಗೆ ಊರು ಎಲ್ಲಿದೆ ಅಂತ ಗುರುತು ಹಿಡಿಯೋದಾದ್ರೂ ಹೇಗೆ?

ಹಾಗಾಗಿ 1796ರಲ್ಲಿ ಸೇಂಟ್ ಜಾರ್ಜ್ ಕೋಟೆ ಒಳಗಿದ್ದ ಒಂದು ಕಟ್ಟಡದ ನೆತ್ತಿ ಮೇಲೆ ದೀಪ ಇಟ್ರು. ವ್ಯಾಪಾರಿಗಳು ಸೇರ್ತಿದ್ದ ಎಕ್ಸ್‌ಚೇಂಜ್ ಕಟ್ಟಡ ಅದು, ಈಗ ಕೋಟೆಯ ಮ್ಯೂಸಿಯಂ. ಎಣ್ಣೆ ಯಾವುದು ಗೊತ್ತಾ, ಕೊಬ್ಬರಿ ಎಣ್ಣೆ! ಹನ್ನೆರಡು ದೀಪ, ಹಿಂದೆ ಕನ್ನಡಿ, ಅಷ್ಟೇ. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಿಗೆಲ್ಲಾ ದಾರಿ ತೋರಿಸಿದ್ದು ನಾವು ತಲೆಗೆ ಹಚ್ಚೋ ಎಣ್ಣೆ ಅಂತ ಗೊತ್ತಾದ ಮೇಲೆ ಮ್ಯೂಸಿಯಂನ ನಾಣ್ಯ, ಕತ್ತಿ ನೋಡೋಕೆ ಮನಸ್ಸೇ ಬರಲಿಲ್ಲ, ಹೊರಗೆ ಬಂದು ಛಾವಣಿ ನೋಡ್ತಾ ನಿಂತಿದ್ದೆ.

ಎರಡನೇದು ನಿಜವಾದ ಲೈಟ್‌ಹೌಸ್ ಥರ ಇದೆ. ಮದ್ರಾಸ್ ಇಂಜಿನಿಯರ್ಸ್‌ನ ಕ್ಯಾಪ್ಟನ್ ಸ್ಮಿತ್ ಪ್ಲಾನ್ ಮಾಡಿದ ಗ್ರಾನೈಟ್ ಕಂಬ, ಗ್ರೀಕ್ ದೇವಸ್ಥಾನದ ಒಂದೇ ಒಂದು ಕಂಬ ಕಿತ್ಕೊಂಡು ಬಂದು ನಿಲ್ಲಿಸಿದ ಹಾಗೆ, ನೂರು ಅಡಿಗೂ ಮೇಲಿದೆ. ಕೆಲಸ ಶುರು ಆಗಿದ್ದು 1838ರಲ್ಲಿ, ದೀಪ ಹಚ್ಚಿದ್ದು 1844ರ ಜನವರಿ 1ಕ್ಕೆ. ಐವತ್ತು ವರ್ಷ ಸೇವೆ ಮಾಡಿತು. ಅಷ್ಟರಲ್ಲಿ ಪಕ್ಕದಲ್ಲೇ ಹೈಕೋರ್ಟ್ ಎದ್ದಿತು, 1892ರಲ್ಲಿ, ಅದರ ದೊಡ್ಡ ಗುಮ್ಮಟ ಈ ಕಂಬಕ್ಕಿಂತ ಎತ್ತರ. ಎತ್ತರ ಪುಕ್ಕಟೆ ಸಿಕ್ತಿರುವಾಗ ಬೇರೆ ಕಂಬ ಯಾರು ಕಟ್ತಾರೆ, 1894ರ ಜೂನ್ 1ಕ್ಕೆ ದೀಪ ಕೋರ್ಟಿನ ಗುಮ್ಮಟಕ್ಕೆ ಶಿಫ್ಟ್ ಆಯ್ತು. ಸಮುದ್ರ ಮಟ್ಟದಿಂದ ಸುಮಾರು 175 ಅಡಿ. ಕೆಳಗೆ ಜಡ್ಜು ವಕೀಲರು ಕೇಸು, ತಲೆ ಮೇಲೆ ಸೀಮೆಎಣ್ಣೆ ದೀಪ.

ಇಲ್ಲಿ ನಮ್ಮ ಕಡೆಯ ನಂಟು ಎರಡಿದೆ. ಆ ಹೈಕೋರ್ಟ್ ಕಟ್ಟಡಕ್ಕೆ ಕೈ ಹಾಕಿದವರಲ್ಲಿ ಹೆನ್ರಿ ಇರ್ವಿನ್ ಒಬ್ಬ, ಮುಂದೆ ನಮ್ಮ ಮೈಸೂರು ಅರಮನೆ ಡಿಸೈನ್ ಮಾಡಿದವನೂ ಅವನೇ, ಗುಮ್ಮಟಗಳನ್ನ ನೋಡಿದ್ರೆ ಒಂದೇ ಕೈ ಅಂತ ಅನಿಸುತ್ತೆ. ಇನ್ನೊಂದು, 1956ರ ತನಕ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು, ಮಂಗಳೂರಲ್ಲಿ ಸೋತ ಕೇಸಿನ ಅಪೀಲು ಇದೇ ಗುಮ್ಮಟದ ಕೆಳಗೆ. ಗದ್ದೆಯ ಗಡಿ ಜಗಳಕ್ಕೆ ನಮ್ಮಜ್ಜ ರೈಲು ಹತ್ತಿ ಹೋಗಿದ್ರಂತೆ, ಕೇಸು ಗೆದ್ರಾ ಅಂತ ಕೇಳಿದ್ರೆ ಉತ್ತರ ಕೊಡ್ತಿರಲಿಲ್ಲ, "ಕೋರ್ಟಿನ ಮಂಡೆ ಮೇಲೆ ಲೈಟ್ ಉಂಟು ಮಾರಾಯ" ಅಂತ ಮಾತ್ರ ಹೇಳೋರು. ಅಜ್ಜನಿಗೆ ಅರಳು ಮರಳು ಅಂತ ನಾವು ನಗ್ತಿದ್ವಿ.

ಮೊದಲ ಮಹಾಯುದ್ಧದಲ್ಲಿ ಈ ದೀಪದ ಊರಿಗೆ ಒಂದು ಪೆಟ್ಟೂ ಬಿತ್ತು. 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಯುದ್ಧನೌಕೆ ಎಮ್ಡನ್ ಸದ್ದಿಲ್ಲದೆ ಬಂದು ಶೆಲ್ ಹೊಡೆಯಿತು, ಬರ್ಮಾ ಆಯಿಲ್ ಕಂಪನಿಯ ಎಣ್ಣೆ ಟ್ಯಾಂಕು ಹೊತ್ತಿ ಉರಿದವು, ಹೈಕೋರ್ಟ್ ಕಾಂಪೌಂಡ್ ಗೋಡೆಗೂ ಏಟು ಬಿತ್ತು. ಇಲ್ಲಿಗೆ ಯಾರು ಬರ್ತಾರೆ ಅಂತ ಊರಿನ ದೀಪಗಳನ್ನ ಆರಿಸಿರಲೇ ಇಲ್ಲ. ಗೋಡೆಯಲ್ಲಿ ಅದರ ನೆನಪಿಗೆ ಒಂದು ಕಲ್ಲು ಫಲಕ ಇದೆ. ಭಾರೀ ಖತರ್ನಾಕ್ ಮನುಷ್ಯನಿಗೆ ತಮಿಳಲ್ಲಿ ಈಗಲೂ "ಎಮ್ಡನ್" ಅಂತಾರೆ, ಹಡಗು ಮುಳುಗಿ ನೂರು ವರ್ಷ ದಾಟಿದ್ರೂ.

ಮರೀನಾಗೆ ದೀಪ ಬಂದಿದ್ದು 1977ರ ಜನವರಿ 10ಕ್ಕೆ. ತ್ರಿಕೋನ ಕಾಂಕ್ರೀಟ್ ಗೋಪುರ, ಕೆಂಪು ಬಿಳಿ ಪಟ್ಟೆ, ಎತ್ತರ ಸುಮಾರು 46 ಮೀಟರ್, ಚಂದ ಅಂತೂ ಹೇಳಲ್ಲ ನಾನು, ಆ ಗ್ರಾನೈಟ್ ಕಂಬದ ಮುಂದೆ ಇದು ವಾಟರ್ ಟ್ಯಾಂಕ್ ಥರಾನೇ. ಸೆಕ್ಯುರಿಟಿ ಕಾರಣಕ್ಕೆ ಎಷ್ಟೋ ವರ್ಷ ಜನರನ್ನ ಮೇಲೆ ಬಿಡ್ತಿರಲಿಲ್ಲ, ಮತ್ತೆ ತೆರೆದಿದ್ದು 2013ರ ನವೆಂಬರ್ 14ಕ್ಕೆ.

ಸಂಜೆ ಕೆಳಗಿಳಿದು ಸುಂಡಲ್, ಅಂದ್ರೆ ನಮ್ಮ ಉಸಲಿ, ಅದರ ಪೊಟ್ಟಣ ಹಿಡ್ಕೊಂಡು ಮರಳಲ್ಲಿ ಕೂತ್ವಿ. ಕತ್ತಲಾದ ಮೇಲೆ ದೀಪ ತಿರುಗೋಕೆ ಶುರು. ಪ್ರತಿ ಲೈಟ್‌ಹೌಸ್‌ಗೂ ತನ್ನದೇ ಒಂದು ಲೆಕ್ಕ ಇರುತ್ತೆ, ಎಷ್ಟು ಸೆಕೆಂಡಿಗೆ ಎಷ್ಟು ಮಿಂಚು ಅಂತ, ಅದನ್ನ ಎಣಿಸಿಯೇ ಹಡಗಿನವರು ಇದು ಇಂಥಾ ಊರು ಅಂತ ಹೇಳ್ತಾರೆ. ಇಲ್ಲಿಯ ಲೆಕ್ಕ ಹತ್ತು ಸೆಕೆಂಡಿಗೆ ಎರಡು. ಮಗಳು ಫೋನಲ್ಲಿ ಸ್ಟಾಪ್‌ವಾಚ್ ಹಾಕಿ ಎಣಿಸಿದಳು, ಮೊದಲನೇ ಸಲ ಹನ್ನೊಂದು ಬಂತು, ತಪ್ಪು ತನ್ನದಲ್ಲ ದೀಪದ್ದು ಅಂತ ವಾದ ಮಾಡಿ ಮತ್ತೆ ಶುರು ಮಾಡಿದಳು.