ಫೆಬ್ರವರಿ 28: ರಾಮನ್, ನೈಲಾನ್, ಡಿಎನ್‌ಎ

ಫೆಬ್ರವರಿ 28 ಅಂದರೆ ನಮಗೆ ರಾಷ್ಟ್ರೀಯ ವಿಜ್ಞಾನ ದಿನ. ಶಾಲೆಯಲ್ಲಿ ಸಿ.ವಿ. ರಾಮನ್ ಅವರ ಫೋಟೋಗೆ ಹಾರ, ಮಕ್ಕಳು ಮಾಡಿದ ಥರ್ಮೋಕೋಲ್ ಜ್ವಾಲಾಮುಖಿ, ಆಮೇಲೆ ಒಂದು ಭಾಷಣ. ಬಹಳ ವರ್ಷ ನನಗೂ ಆ ತಾರೀಖು ಅಷ್ಟೇ ಆಗಿತ್ತು. ಆದರೆ ಬೇರೆ ಬೇರೆ ವಿಷಯ ಓದುತ್ತಾ ಹೋದ ಹಾಗೆ ಅದೇ ತಾರೀಖು ಮತ್ತೆ ಮತ್ತೆ ಕಣ್ಣಿಗೆ ಬೀಳತೊಡಗಿತು. ನೈಲಾನ್ ಮೊದಲ ಸಲ ತಯಾರಾಗಿದ್ದು 1935ರ ಫೆಬ್ರವರಿ 28. ಡಿಎನ್‌ಎ ರಚನೆಯ ಒಗಟು ಬಿಡಿಸಿಕೊಂಡಿದ್ದು 1953ರ ಫೆಬ್ರವರಿ 28, ಅಂದರೆ ರಾಮನ್ ಪರಿಣಾಮ ಕಂಡ ದಿನಕ್ಕೆ ಸರಿಯಾಗಿ 25 ವರ್ಷ. ಡಿಎನ್‌ಎ ಓಟದಲ್ಲಿ ಸೋತ ಲೈನಸ್ ಪೌಲಿಂಗ್ ಹುಟ್ಟಿದ್ದು 1901ರ ಫೆಬ್ರವರಿ 28. ಅವತ್ತು ಅವರಿಗೆ 52 ತುಂಬಿತ್ತು.

ಬರೀ ತಾರೀಖು ಒಂದೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಇವರೆಲ್ಲ ಬೆನ್ನು ಹತ್ತಿದ್ದು ಒಂದೇ ಪ್ರಶ್ನೆಯನ್ನು: ಒಂದು ಅಣುವಿನೊಳಗೆ ಯಾವ ಪರಮಾಣು ಎಲ್ಲಿ ಕೂತಿದೆ, ಯಾರ ಕೈ ಹಿಡಿದಿದೆ? ಒಬ್ಬರು ಅದನ್ನು ಬೆಳಕಿನಿಂದ ಕೇಳಿದರು. ಇನ್ನೊಬ್ಬರು ಹೊಸ ಅಣು ಕಟ್ಟಿ ನೋಡಿದರು. ಮತ್ತಿಬ್ಬರು ರಟ್ಟು ಕತ್ತರಿಸಿ ಜೋಡಿಸಿ ನೋಡಿದರು.

ರಾಮನ್ ಕತೆ ಎಲ್ಲರಿಗೂ ಗೊತ್ತು ಅಂತ ನಾವು ಅಂದುಕೊಂಡಿದ್ದೇವೆ. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ವಾಪಸ್ ಬರುವಾಗ ಮೆಡಿಟರೇನಿಯನ್ ಸಮುದ್ರದ ನೀಲಿ ನೋಡಿ ಬೆರಗಾದರು, ಅಲ್ಲಿಂದ ಶುರು, ಅಂತ. ಅದು ನಿಜ. ಸಮುದ್ರ ನೀಲಿ ಕಾಣುವುದು ಆಕಾಶದ ಪ್ರತಿಬಿಂಬದಿಂದ ಅಂತ ಲಾರ್ಡ್ ರೇಲಿ ಹೇಳಿದ್ದರು. ರಾಮನ್ ಸುಮ್ಮನೆ ಬೆರಗಾಗಿ ಕೂರಲಿಲ್ಲ. ಹಡಗಿನಲ್ಲೇ ಒಂದು ನಿಕೋಲ್ ಪ್ರಿಸಂ ಹಿಡಿದು, ನೀರಿನ ಮೇಲ್ಮೈಯಿಂದ ಪ್ರತಿಫಲಿಸುವ ಬೆಳಕನ್ನು ತಡೆದು ನೋಡಿದರು. ನೀಲಿ ಹೋಗಲಿಲ್ಲ. ಇನ್ನೂ ಗಾಢವಾಗಿ ಕಂಡಿತು. ಅಂದರೆ ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿವೆ.

ಅಲ್ಲಿಂದ 1928ರವರೆಗೆ ಏಳು ವರ್ಷ. ಈ ಏಳು ವರ್ಷದ ಬಗ್ಗೆ ಭಾಷಣಗಳಲ್ಲಿ ಯಾರೂ ಜಾಸ್ತಿ ಹೇಳುವುದಿಲ್ಲ. ಕಲ್ಕತ್ತಾದ ಬೌಬಜಾರ್ ರಸ್ತೆಯಲ್ಲಿದ್ದ ವಿಜ್ಞಾನ ಸಂಸ್ಥೆಯಲ್ಲಿ ಅವರು ಮತ್ತು ಅವರ ಹುಡುಗರು ಒಂದಾದ ಮೇಲೊಂದು ದ್ರವ ತೆಗೆದುಕೊಂಡು, ಶುದ್ಧ ಮಾಡಿ, ಬೆಳಕು ಹಾಯಿಸಿ ನೋಡುತ್ತಲೇ ಇದ್ದರು. 1923ರಲ್ಲೇ ಕೆ.ಆರ್. ರಾಮನಾಥನ್ ಅವರಿಗೆ ಏನೋ ವಿಚಿತ್ರವಾದ ಮಂದ ಬೆಳಕು ಕಂಡಿತ್ತು. ದ್ರವದಲ್ಲಿನ ಕಶ್ಮಲದಿಂದ ಇರಬೇಕು ಅಂತ ಮತ್ತೆ ಮತ್ತೆ ಶುದ್ಧ ಮಾಡಿದರು. ಬೆಳಕು ಹೋಗಲೇ ಇಲ್ಲ.

ಕೊನೆಗೆ ಕೆ.ಎಸ್. ಕೃಷ್ಣನ್ ಜೊತೆ ಮಾಡಿದ ಪ್ರಯೋಗ ಎಷ್ಟು ಸರಳ ನೋಡಿ. ಬಿಸಿಲನ್ನು ನೀಲಿ-ನೇರಳೆ ಫಿಲ್ಟರ್ ಮೂಲಕ ದ್ರವದೊಳಗೆ ಬಿಡಬೇಕು. ದ್ರವದಿಂದ ಪಕ್ಕಕ್ಕೆ ಚದುರಿ ಬರುವ ಬೆಳಕನ್ನು ಹಸಿರು ಫಿಲ್ಟರ್ ಇಟ್ಟು ನೋಡಬೇಕು. ಬೆಳಕು ಬಣ್ಣ ಬದಲಿಸದಿದ್ದರೆ ಏನೂ ಕಾಣಬಾರದು, ಏಕೆಂದರೆ ನೀಲಿ ಬೆಳಕು ಹಸಿರು ಫಿಲ್ಟರ್ ದಾಟುವುದಿಲ್ಲ. ಆದರೆ ಕಾಣುತ್ತಿತ್ತು. ತೀರಾ ಮಂದವಾಗಿ, ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ, ಕಾಣುತ್ತಿತ್ತು. ಫೆಬ್ರವರಿ 28ರಂದು ಅದೇ ಬೆಳಕನ್ನು ಪುಟ್ಟ ಸ್ಪೆಕ್ಟ್ರೋಸ್ಕೋಪಿನಲ್ಲಿ ನೋಡಿದಾಗ ಹಳೆಯ ಬಣ್ಣ ಒಂದು ಕಡೆ, ಹೊಸ ಬಣ್ಣ ಇನ್ನೊಂದು ಕಡೆ, ನಡುವೆ ಕಪ್ಪು ಜಾಗ. ಇನ್ನು ಅನುಮಾನಕ್ಕೆ ಎಡೆ ಇರಲಿಲ್ಲ. ಪಾದರಸದ ದೀಪ ಬಳಸಿದ ಮೇಲೆ ಚೂಪಾದ ಗೆರೆಗಳೇ ಸಿಕ್ಕವು.

ಅಲ್ಲಿ ಆಗುತ್ತಿದ್ದದ್ದು ಏನು? ಅಣುವಿಗೆ ಬಡಿದ ಬೆಳಕಿನಲ್ಲಿ ಹೆಚ್ಚುಕಮ್ಮಿ ಎಲ್ಲವೂ ಬಂದ ಬಣ್ಣದಲ್ಲೇ ಚದುರಿ ಹೋಗುತ್ತದೆ. ಕೋಟಿಗೆ ಒಂದರ ಲೆಕ್ಕದಲ್ಲಿ ಕೆಲವು ಕಣ ಮಾತ್ರ, ಸುಂಕದ ಕಟ್ಟೆಯಲ್ಲಿ ಸುಂಕ ಕೊಟ್ಟು ಮುಂದೆ ಹೋದ ಹಾಗೆ, ತಮ್ಮ ಶಕ್ತಿಯಲ್ಲಿ ಸ್ವಲ್ಪ ಆ ಅಣುವಿಗೆ ಕೊಟ್ಟು ಹೋಗುತ್ತವೆ. ಅಣು ಆ ಶಕ್ತಿಯಿಂದ ಅದುರುತ್ತದೆ. ಶಕ್ತಿ ಕಳೆದುಕೊಂಡ ಬೆಳಕಿನ ಬಣ್ಣ ಒಂದು ಚೂರು ಕೆಂಪಿನ ಕಡೆ ಸರಿಯುತ್ತದೆ. ಸುಂಕ ಎಷ್ಟು ಅನ್ನುವುದು ಅಣುವಿನ ಬಂಧಗಳ ಮೇಲೆ ನಿಂತಿದೆ. ಬಿಗಿಯಾದ ಬಂಧ, ಹಗುರ ಪರಮಾಣು ಆದರೆ ಜಾಸ್ತಿ. ಸಡಿಲ ಬಂಧ, ಭಾರದ ಪರಮಾಣು ಆದರೆ ಕಡಿಮೆ. ಹಾಗಾಗಿ ಹೊರಬಂದ ಬೆಳಕನ್ನು ನೋಡಿ ಒಳಗೆ ಯಾವ ಅಣು ಇತ್ತು ಅಂತ ಹೇಳಬಹುದು. ಅಣುವನ್ನು ಮುರಿಯಬೇಕಿಲ್ಲ, ಸುಡಬೇಕಿಲ್ಲ, ಮುಟ್ಟಲೂಬೇಕಿಲ್ಲ.

ಇಲ್ಲಿ ತಾರೀಖಿನ ವಿಷಯ ಒಂದು ಹೇಳಬೇಕು. ರಾಮನ್ ಮತ್ತು ಕೃಷ್ಣನ್ 'ನೇಚರ್' ಪತ್ರಿಕೆಗೆ ಬರೆದ ಮೊದಲ ಪತ್ರದ ಮೇಲೆ ಫೆಬ್ರವರಿ 16 ಅಂತಿದೆ. ಪತ್ರಿಕೆಗಳಿಗೆ ಸುದ್ದಿ ಕೊಟ್ಟಿದ್ದು 29ರಂದು, ಏಕೆಂದರೆ 1928 ಅಧಿಕ ವರ್ಷ. ವಿವರವಾಗಿ ಉಪನ್ಯಾಸ ಕೊಟ್ಟಿದ್ದು ಮಾರ್ಚ್ 16ರಂದು, ನಮ್ಮ ಬೆಂಗಳೂರಿನಲ್ಲಿ. ಅತ್ತ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಶ್ಟಾಮ್ ಇದೇ ಪರಿಣಾಮವನ್ನು ಬೆಣಚುಕಲ್ಲಿನ ಹರಳಿನಲ್ಲಿ ಫೆಬ್ರವರಿ 21ರಂದೇ ಕಂಡಿದ್ದರು, ಆದರೆ ಪ್ರಕಟಿಸಿದ್ದು ತಡವಾಗಿ. 28 ಅನ್ನುವುದು ಇಷ್ಟು ದಿನಗಳ ನಡುವಿನಿಂದ ನಾವು ಎತ್ತಿಕೊಂಡ ಒಂದು ದಿನ. ಸುದ್ದಿ ಕೊಟ್ಟ ದಿನವನ್ನೇ ಹಿಡಿದಿದ್ದರೆ ವಿಜ್ಞಾನ ದಿನ ನಾಲ್ಕು ವರ್ಷಕ್ಕೊಮ್ಮೆ ಬರುತ್ತಿತ್ತು!

ಈಗ ನೈಲಾನ್. ಅಮೆರಿಕದ ವಿಲ್ಮಿಂಗ್ಟನ್ ಊರಿನ ಹತ್ತಿರ ಡುಪಾಂಟ್ ಕಂಪನಿಯ ಪ್ರಯೋಗಾಲಯ. ಅಲ್ಲಿ ವ್ಯಾಲೇಸ್ ಕ್ಯಾರೊದರ್ಸ್ ಎಂಬ ರಸಾಯನಶಾಸ್ತ್ರಜ್ಞ ಅಣುಗಳ ಸರಪಳಿ ಕಟ್ಟುತ್ತಿದ್ದರು. ರಬ್ಬರು, ರೇಷ್ಮೆ, ಹತ್ತಿ ಇವೆಲ್ಲ ಸಾವಿರಾರು ಪರಮಾಣು ಸಾಲಾಗಿ ಜೋಡಿಸಿಕೊಂಡ ಉದ್ದನೆಯ ಅಣುಗಳು ಅನ್ನುವ ಮಾತನ್ನು ಆಗ ಎಷ್ಟೋ ಜನ ಒಪ್ಪಿರಲಿಲ್ಲ. ಕ್ಯಾರೊದರ್ಸ್, ಹಾಗಾದರೆ ನಾನೇ ಒಂದೊಂದೇ ಕೊಂಡಿ ಸೇರಿಸಿ ಕಟ್ಟಿ ತೋರಿಸುತ್ತೇನೆ ಅಂತ ಹೊರಟರು. ಉಪಾಯ ಇದು: ರೈಲಿನ ಬೋಗಿಗೆ ಎರಡೂ ಕಡೆ ಕೊಕ್ಕೆ ಇರುತ್ತದೆ ಅಲ್ವಾ, ಹಾಗೆ ಎರಡೂ ತುದಿಯಲ್ಲಿ ಕೊಕ್ಕೆ ಇರುವ ಎರಡು ರಾಸಾಯನಿಕ ತೆಗೆದುಕೊಳ್ಳುವುದು. ಒಂದರ ತುದಿಗಳಲ್ಲಿ ಅಮೈನ್, ಇನ್ನೊಂದರ ತುದಿಗಳಲ್ಲಿ ಆಮ್ಲ. ಅಮೈನ್ ಆಮ್ಲಕ್ಕೆ ಸಿಕ್ಕಿಕೊಂಡಾಗ ಒಂದು ನೀರಿನ ಅಣು ಹೊರಗೆ ಬೀಳುತ್ತದೆ, ಕೊಂಡಿ ಕೂಡುತ್ತದೆ. ಹೀಗೆ ಕೂಡುತ್ತಲೇ ಹೋಗುತ್ತದೆ. 1935ರ ಫೆಬ್ರವರಿ 28ರಂದು ಕೂಡಿದ್ದು ಎರಡರಲ್ಲೂ ಆರಾರು ಇಂಗಾಲ ಇದ್ದ ಜೋಡಿ. ಅದಕ್ಕೇ ಇವತ್ತಿಗೂ ಅದರ ಹೆಸರು ನೈಲಾನ್ 6,6.

ಅಮೈನ್ ಮತ್ತು ಆಮ್ಲ ಸೇರಿ ಆಗುವ ಈ ಕೊಂಡಿ ಹೊಸದಲ್ಲ. ರೇಷ್ಮೆಯಲ್ಲಿ, ಉಣ್ಣೆಯಲ್ಲಿ, ನಮ್ಮ ತಲೆಕೂದಲಿನಲ್ಲಿ ಇರುವುದೂ ಇದೇ ಕೊಂಡಿ. ವ್ಯತ್ಯಾಸ ಇರುವುದು ಕೊಂಡಿಗಳ ನಡುವೆ ಏನಿದೆ ಅನ್ನುವುದರಲ್ಲಿ. ರೇಷ್ಮೆಹುಳು ಇದನ್ನು ತನ್ನ ಹೊಟ್ಟೆಯಲ್ಲೇ ಮಾಡಿ ಬಾಯಿಂದ ಎಳೆಯಾಗಿ ಬಿಡುತ್ತದೆ. 'ರೇಷ್ಮೆ ಅಂದರೆ ಒಣಗಿದ ಅಂಟು ತಾನೇ, ನಾವೇ ಯಾಕೆ ಮಾಡಬಾರದು' ಎಂಬ ಯೋಚನೆಯನ್ನು ಫ್ರಾನ್ಸಿನ ರೇಮೂರ್ 18ನೇ ಶತಮಾನದಲ್ಲೇ ಮಾಡಿದ್ದರು. ಅವರು ಹುಟ್ಟಿದ್ದು ಯಾವತ್ತು ಗೊತ್ತಾ? 1683ರ ಫೆಬ್ರವರಿ 28!

ನಮ್ಮ ಅಜ್ಜಿ ರೇಷ್ಮೆ ಸೀರೆ ಅಸಲಿಯೋ ನಕಲಿಯೋ ನೋಡುತ್ತಿದ್ದ ರೀತಿ ನೆನಪಿದೆ. ಸೆರಗಿನ ಕುಚ್ಚಿನಿಂದ ಒಂದು ಎಳೆ ಕಿತ್ತು ದೀಪಕ್ಕೆ ಹಿಡಿಯುತ್ತಿದ್ದರು. ರೇಷ್ಮೆಯಾದರೆ ನಿಧಾನವಾಗಿ ಉರಿದು, ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಉಜ್ಜಿದರೆ ಕಪ್ಪು ಪುಡಿಯಾಗುತ್ತದೆ. ನೈಲಾನ್ ಆದರೆ ಮುದುಡಿ, ಕರಗಿ, ತುದಿಯಲ್ಲಿ ಸಾಸಿವೆ ಕಾಳಿನ ಹಾಗೆ ಗಟ್ಟಿ ಉಂಡೆಯಾಗುತ್ತದೆ. ಅದನ್ನು ಎಷ್ಟು ಉಜ್ಜಿದರೂ ಪುಡಿಯಾಗುವುದಿಲ್ಲ. ಕೊಂಡಿ ಒಂದೇ ಆದರೂ ನಡುವಿನ ಸಾಮಾನು ಬೇರೆ ಅನ್ನುವುದನ್ನು ಆ ಎಣ್ಣೆದೀಪ ಹೇಳುತ್ತಿತ್ತು. ಅಜ್ಜಿಯ ಪೆಟ್ಟಿಗೆಯಲ್ಲಿ ನೈಲೆಕ್ಸ್ ಸೀರೆಗಳೂ ಇದ್ದವು. ಒಗೆದರೆ ಬೇಗ ಒಣಗುತ್ತೆ, ಇಸ್ತ್ರಿ ಬೇಡ ಅಂತ ಅವರಿಗೆ ಅವೂ ಇಷ್ಟವೇ.

ಅಮೆರಿಕದಲ್ಲಿ ನೈಲಾನ್ ಕಾಲುಚೀಲ ದೇಶದ ಎಲ್ಲಾ ಕಡೆ ಮಾರಾಟಕ್ಕೆ ಬಂದಿದ್ದು 1940ರ ಮೇ 15ರಂದು. ಯುದ್ಧ ಬಂದ ಮೇಲೆ ಅದೇ ನೈಲಾನ್ ಪ್ಯಾರಾಶೂಟ್ ಆಯಿತು. ಕ್ಯಾರೊದರ್ಸ್ ಇದ್ಯಾವುದನ್ನೂ ನೋಡಲಿಲ್ಲ. ವರ್ಷಗಟ್ಟಲೆ ಖಿನ್ನತೆಯಲ್ಲಿ ನರಳಿದ ಅವರು 1937ರ ಏಪ್ರಿಲ್‌ನಲ್ಲಿ, 41 ತುಂಬಿದ ಎರಡು ದಿನಕ್ಕೆ, ತಮ್ಮ ಜೀವ ತೆಗೆದುಕೊಂಡರು. ನೈಲಾನ್ ಬಗ್ಗೆ ಓದುವಾಗೆಲ್ಲ ನನಗೆ ಇದು ಚುಚ್ಚುತ್ತದೆ.

ಪೌಲಿಂಗ್ ಬಗ್ಗೆ ಹೇಳದೆ ಡಿಎನ್‌ಎಗೆ ಹೋಗೋಕೆ ಆಗುವುದಿಲ್ಲ. 1948ರಲ್ಲಿ ಆಕ್ಸ್‌ಫರ್ಡಿನಲ್ಲಿದ್ದಾಗ ಅವರಿಗೆ ನೆಗಡಿ ಹಿಡಿದು ಹಾಸಿಗೆಯಲ್ಲೇ ಇರಬೇಕಾಯಿತು. ಬೇಜಾರಾಗಿ ಒಂದು ಕಾಗದದ ಮೇಲೆ ಪ್ರೋಟೀನಿನ ಸರಪಳಿ ಬರೆದು, ಬಂಧಗಳ ಕೋನ ಸರಿಹೋಗುವಂತೆ ಕಾಗದ ಮಡಚುತ್ತಾ ಹೋದರು. ಕಾಗದ ಸುರುಳಿಯಾಯಿತು. ಅದೇ ಆಲ್ಫಾ ಹೀಲಿಕ್ಸ್, ಪ್ರೋಟೀನುಗಳಲ್ಲಿ ಎಲ್ಲೆಲ್ಲೂ ಸಿಗುವ ಸುರುಳಿ. ಅದರ ಪ್ರಬಂಧ ಪತ್ರಿಕೆಗೆ ಸಲ್ಲಿಕೆಯಾಗಿದ್ದು 1951ರ ಫೆಬ್ರವರಿ 28ರಂದು, ಅವರ ಐವತ್ತನೇ ಹುಟ್ಟುಹಬ್ಬಕ್ಕೆ.

ಇಷ್ಟು ಬಲ್ಲವರು ಡಿಎನ್‌ಎ ವಿಷಯದಲ್ಲಿ ಎಡವಿದರು. ಮೂರು ಎಳೆ ಹೆಣೆದ ಸುರುಳಿ, ಎಳೆಗಳ ಬೆನ್ನೆಲುಬಿನಲ್ಲಿರುವ ಫಾಸ್ಫೇಟುಗಳು ಒಳಗಡೆ, ಅಂತ 1953ರ ಆರಂಭದಲ್ಲಿ ಪ್ರಕಟಿಸಿಬಿಟ್ಟರು. ಒಂದೇ ಬಗೆಯ ವಿದ್ಯುದಂಶ ಹೊತ್ತ ಫಾಸ್ಫೇಟುಗಳು ಒಂದನ್ನೊಂದು ದೂಡುತ್ತವೆ, ಆ ಸುರುಳಿ ನಿಲ್ಲುವುದಿಲ್ಲ. ಅವರ ಮಗ ಪೀಟರ್ ಆಗ ಕೇಂಬ್ರಿಜ್‌ನಲ್ಲಿ ಅದೇ ಒಗಟು ಬಿಡಿಸುತ್ತಿದ್ದ ವಾಟ್ಸನ್ ಮತ್ತು ಕ್ರಿಕ್ ಜೊತೆ ಒಂದೇ ಕೋಣೆಯಲ್ಲಿದ್ದ. ಅಪ್ಪನ ಹಸ್ತಪ್ರತಿ ಅವನ ಮೂಲಕವೇ ಅವರ ಕೈಗೆ ಬಂತು, ತಪ್ಪು ಅವರಿಗೆ ಕಂಡಿತು.

ಅದರ ಜೊತೆಗೆ ರೊಸಾಲಿಂಡ್ ಫ್ರಾಂಕ್ಲಿನ್ ಅವರ ಎಕ್ಸ್‌-ರೇ ಚಿತ್ರ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಫ್ರಾಂಕ್ಲಿನ್ ಮತ್ತು ಅವರ ವಿದ್ಯಾರ್ಥಿ ಗೋಸ್ಲಿಂಗ್ 1952ರಲ್ಲಿ ತೆಗೆದ 'ಫೋಟೋ 51'. ಅದನ್ನು ಫ್ರಾಂಕ್ಲಿನ್ ಅವರಿಗೆ ಹೇಳದೆ ಅದೇ ಕಾಲೇಜಿನ ವಿಲ್ಕಿನ್ಸ್ ವಾಟ್ಸನ್‌ಗೆ ತೋರಿಸಿದರು. ಇದು ಸಣ್ಣ ವಿಷಯವಲ್ಲ. ಆ ಚಿತ್ರದಲ್ಲಿನ ಶಿಲುಬೆಯಾಕಾರದ ಚುಕ್ಕಿಗಳು ಸುರುಳಿಯನ್ನು ನೇರವಾಗಿ ಹೇಳುತ್ತಿದ್ದವು. 1962ರ ನೊಬೆಲ್ ಮೂವರು ಗಂಡಸರಿಗೆ ಹೋದಾಗ ಫ್ರಾಂಕ್ಲಿನ್ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಸಾಯುವಾಗ ಅವರಿಗೆ ಬರೀ 37.

ಫೆಬ್ರವರಿ 28, 1953, ಶನಿವಾರ ಬೆಳಿಗ್ಗೆ. ವರ್ಕ್‌ಶಾಪಿನಿಂದ ಲೋಹದ ಮಾದರಿಗಳು ಇನ್ನೂ ಬಂದಿರಲಿಲ್ಲ. ವಾಟ್ಸನ್ ರಟ್ಟಿನಲ್ಲಿ, ಡಿಎನ್‌ಎಯ ಎರಡು ಎಳೆಗಳನ್ನು ಮೆಟ್ಟಿಲಿನ ಹಾಗೆ ಜೋಡಿಸುವ ನಾಲ್ಕು ಬೇಸ್‌ಗಳ ಆಕಾರ ಕತ್ತರಿಸಿಕೊಂಡು ಮೇಜಿನ ಮೇಲೆ ಜೋಡಿಸುತ್ತಾ ಕೂತಿದ್ದರು. ಮೊದಲು ಪಠ್ಯಪುಸ್ತಕದಲ್ಲಿದ್ದ ಆಕಾರಗಳನ್ನೇ ನಂಬಿದ್ದರು. ಹೈಡ್ರೋಜನ್ ಇರುವ ಜಾಗ ತಪ್ಪು ಅಂತ ಅದೇ ಕೋಣೆಯಲ್ಲಿದ್ದ ಜೆರ್ರಿ ಡೊನೊಹ್ಯೂ ತಿದ್ದಿದ್ದರು. ತಿದ್ದಿದ ರಟ್ಟುಗಳಲ್ಲಿ ಅಡೆನಿನ್ ಪಕ್ಕ ಥೈಮಿನ್ ಇಟ್ಟರು. ಗ್ವಾನಿನ್ ಪಕ್ಕ ಸೈಟೊಸಿನ್ ಇಟ್ಟರು. ಎರಡೂ ಜೋಡಿಗಳ ಅಗಲ ಒಂದೇ. ಏಣಿಯ ಮೆಟ್ಟಿಲುಗಳೆಲ್ಲ ಒಂದೇ ಅಳತೆಯವು! ಒಂದು ಎಳೆ ಗೊತ್ತಿದ್ದರೆ ಇನ್ನೊಂದು ಎಳೆ ತಾನಾಗಿಯೇ ಗೊತ್ತಾಗುತ್ತದೆ, ಜೀವ ತನ್ನ ನಕಲು ತಾನೇ ಮಾಡಿಕೊಳ್ಳುವ ಗುಟ್ಟು ಅದರಲ್ಲೇ ಇದೆ. ಮಧ್ಯಾಹ್ನ ಕ್ರಿಕ್ ಹತ್ತಿರದ ಈಗಲ್ ಪಬ್‌ಗೆ ಹೋಗಿ ಜೀವದ ರಹಸ್ಯ ಸಿಕ್ಕಿತು ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದರು ಅನ್ನುವುದು ವಾಟ್ಸನ್ ಹೇಳಿದ ಕತೆ. ಕ್ರಿಕ್ ಅವರಿಗೆ ಹಾಗೆ ಹೇಳಿದ ನೆನಪೇ ಇರಲಿಲ್ಲ.

ಅತ್ತ ರಾಮನ್ 1933ರಲ್ಲೇ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ ಬಂದಿದ್ದರು. 1942ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು ಅಲ್ಲಿಗೆ ಬಂದ ಜಿ.ಎನ್. ರಾಮಚಂದ್ರನ್ ಎಂಬ ಹುಡುಗ ಅವರ ಕೈಗೆ ಸಿಕ್ಕಿ ಭೌತಶಾಸ್ತ್ರಕ್ಕೆ ಬಂದ. ಮುಂದೆ ಮದ್ರಾಸಿನಲ್ಲಿ ಅವರು, ನಮ್ಮ ಚರ್ಮ ಮತ್ತು ಮೂಳೆಯಲ್ಲಿರುವ ಕೊಲ್ಲಾಜೆನ್ ಮೂರು ಎಳೆಯ ಸುರುಳಿ ಅಂತ ತೋರಿಸಿದರು. ಡಿಎನ್‌ಎಯಲ್ಲಿ ಸುಳ್ಳಾದ ಮೂರೆಳೆ ಇಲ್ಲಿ ನಿಜವಾಯಿತು. ಪ್ರೋಟೀನಿನ ಸರಪಳಿ ಯಾವ್ಯಾವ ಕೋನಗಳಲ್ಲಿ ತಿರುಗಬಹುದು ಅಂತ ತೋರಿಸುವ, 1963ರಲ್ಲಿ ಪ್ರಕಟವಾದ ರಾಮಚಂದ್ರನ್ ನಕ್ಷೆಯಲ್ಲಿ ಪೌಲಿಂಗ್ ಕಾಗದ ಮಡಚಿ ಕಂಡ ಸುರುಳಿಗೂ ಒಂದು ನಿಗದಿತ ಜಾಗ ಇದೆ. ಇಲ್ಲಿ ತಾರೀಖಿನ ನಂಟೇನೂ ಇಲ್ಲ, ಗುರು ಶಿಷ್ಯರ ನಂಟಿದೆ. ನನಗಂತೂ ಇದೇ ಹೆಚ್ಚು ದೊಡ್ಡದು.

ತಾರೀಖಿನ ನಂಟಿಗೆ ಲೆಕ್ಕ ಹಾಕಿ ನೋಡೋಣ. ಯಾವುದೋ ಮೂರು ಘಟನೆ ಹೆಸರಿಸಿ, ಮೂರೂ ಒಂದೇ ತಾರೀಖಿಗೆ ಬೀಳುವ ಸಾಧ್ಯತೆ ಕೇಳಿದರೆ 1,33,225ರಲ್ಲಿ ಒಂದು. ಬಹಳ ಅಪರೂಪ ಅನಿಸುತ್ತದೆ. ಆದರೆ ನಾನು ಮೊದಲೇ ಹೆಸರಿಸಿರಲಿಲ್ಲ, ತಾರೀಖು ಕೂಡಿದ ಮೇಲೆ ಎತ್ತಿಕೊಂಡೆ. ಒಂದು ಕೋಣೆಯಲ್ಲಿ 23 ಜನ ಇದ್ದರೆ ಯಾರೋ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ, ಏಕೆಂದರೆ ಅಲ್ಲಿ 253 ಜೋಡಿಗಳಿವೆ. ವಿಜ್ಞಾನದಲ್ಲಿ ತಾರೀಖು ಬರೆದಿಟ್ಟ ಘಟನೆಗಳು ಸಾವಿರಾರು, ದಿನಗಳು 365. ಒಂದೊಂದು ದಿನಕ್ಕೂ ಹಲವು ಬಂದೇ ಬರುತ್ತವೆ. ಬೇಡದ್ದೂ ಬರುತ್ತದೆ. ದಡಾರದ ಲಸಿಕೆಗೂ ಆಟಿಸಂಗೂ ಗಂಟು ಹಾಕಿದ, ಆಮೇಲೆ 2010ರಲ್ಲಿ ಹಿಂತೆಗೆದುಕೊಳ್ಳಬೇಕಾಗಿ ಬಂದ, 12 ಮಕ್ಕಳನ್ನಷ್ಟೇ ನೋಡಿ ಬರೆದ ಆ ಪ್ರಬಂಧ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿದ್ದೂ ಫೆಬ್ರವರಿ 28ಕ್ಕೆ, 1998ರಲ್ಲಿ. ಅದು ಮಾಡಿದ ಹಾನಿ ಇನ್ನೂ ಮುಗಿದಿಲ್ಲ. ಹಾಗಾಗಿ ಆ ದಿನದಲ್ಲಿ ಏನೋ ವಿಶೇಷ ಇದೆ ಅಂತ ನಾನು ಹೇಳುವುದಿಲ್ಲ.

ಆದರೆ ಈ ಮೂರು ಕತೆ ಒಂದೇ ಕಡೆ ಸೇರುವ ಜಾಗ ನಿಜವಾಗಿ ಇದೆ. ಇವತ್ತು ಲೇಸರ್ ಮತ್ತು ಸೂಕ್ಷ್ಮದರ್ಶಕ ಕೂಡಿಸಿದ ರಾಮನ್ ಉಪಕರಣ ಎಷ್ಟೋ ಪ್ರಯೋಗಾಲಯಗಳಲ್ಲಿದೆ. ಸಮುದ್ರದ ನೀರಿನಲ್ಲಿ ಸಿಕ್ಕ ಪುಡಿ ಯಾವ ಪ್ಲಾಸ್ಟಿಕ್ಕಿನದು, ನೈಲಾನ್ ಎಳೆಯೋ ಪಾಲಿಥೀನೋ ಅಂತ ಅದರಲ್ಲಿ ನೋಡುತ್ತಾರೆ. ಡಿಎನ್‌ಎ ಸುರುಳಿ ಯಾವ ಭಂಗಿಯಲ್ಲಿದೆ ಅಂತಲೂ ನೋಡುತ್ತಾರೆ. ಅದರ ಕೆಳಗೆ ಒಂದು ನೈಲಾನ್ ಎಳೆ, ಒಂದು ರೇಷ್ಮೆ ಎಳೆ ಇಟ್ಟರೆ ಆ ಕೊಂಡಿಯ ಅದುರುವಿಕೆ ಎರಡರಲ್ಲೂ ಗೆರೆಯಾಗಿ ಮೂಡುತ್ತದೆ. ಬೆಳಕು ಎಷ್ಟು ಸರಿಯಿತು ಅಂತ ಅಳೆಯುವ ಲೆಕ್ಕದಲ್ಲಿ (ಸೆಂ.ಮೀ.⁻¹) ನೈಲಾನಿನದು 1,635ರ ಆಸುಪಾಸು, ರೇಷ್ಮೆಯದು 1,665ರ ಆಸುಪಾಸು. ಕುಚ್ಚಿನಿಂದ ಎಳೆ ಕಿತ್ತು ದೀಪಕ್ಕೆ ಹಿಡಿಯಬೇಕಿಲ್ಲ, ಸೀರೆಯನ್ನು ಹಾಗೇ ಅದರ ಕೆಳಗೆ ಹರಡಿದರೆ ಸಾಕು.