ನಿಮ್ಮದೇ ಸ್ಟಾಫ್ ರೂಮಿನ ಮೇಲೆ ಒಂದು ಥೀಸಿಸ್

"ಎಡ್‌ಡಿ ಮಾಡಾಕತ್ತೀನಿ ಮಾಮಾ" ಎಂದು ಹುಬ್ಬಳ್ಳಿಯ ಸೋದರಮಾವನಿಗೆ ಫೋನಿನಲ್ಲಿ ಹೇಳಿದಾಗ ಅವರು ಗಾಬರಿಯಾದರು. "ಇಡಿ ಅಂದ್ರ ಮನಿಗೆ ಬಂದು ರೇಡ್ ಮಾಡ್ತಾರಲ್ಲ, ಅವರ ಕೂಡ ನಿನಗೇನವ್ವ ಕೆಲಸ?" ಅದಲ್ಲ, ಇದು ಶಿಕ್ಷಣದಲ್ಲಿ ಮಾಡುವ ಡಾಕ್ಟರೇಟ್, ನೌಕರಿ ಬಿಡದೆ ಮಾಡಬಹುದು ಎಂದು ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಹೆಸರಿನ ಮುಂದ ಡಾಕ್ಟರ್ ಅಂತ ಹಾಕ್ಕೋಬಹುದಿಲ್ಲೋ?" ಹಾಕ್ಕೋಬಹುದು ಅಂದೆ. "ಹಂಗಾದ್ರ ಸಾಕ ಬಿಡು."

ಇಂಗ್ಲೆಂಡಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತಲೇ ಆರು ವರ್ಷ ಹಿಡಿದು ನಾನು ಈ ಪದವಿ ಮುಗಿಸಿದೆ. ಈಗ ಇದನ್ನೇ ಮಾಡುವ ಬೇರೆಯವರಿಗೆ ಗೈಡ್ ಆಗಿದ್ದೇನೆ. ಕರ್ನಾಟಕದ ಶಿಕ್ಷಕರು, ಬಿ.ಎಡ್. ಕಾಲೇಜಿನ ಉಪನ್ಯಾಸಕರು ಆಗಾಗ ಬರೆಯುತ್ತಾರೆ. ಹೆಚ್ಚಿನವರ ಪ್ರಶ್ನೆ ಒಂದೇ: "ಪಿಎಚ್‌.ಡಿ.ಗಿಂತ ಇದು ಸುಲಭ ಅಲ್ವಾ ಮೇಡಂ?"

ಬರೆಯುವ ಪುಟ ಕಮ್ಮಿ, ನಿಜ. ಬ್ರಿಟನ್ನಿನಲ್ಲಿ ಪಿಎಚ್‌.ಡಿ. ಥೀಸಿಸ್ ಸುಮಾರು 80 ಸಾವಿರ ಪದ ಇದ್ದರೆ, ಎಡ್‌ಡಿ ಥೀಸಿಸ್ ಸಾಮಾನ್ಯವಾಗಿ 40ರಿಂದ 50 ಸಾವಿರ ಪದದ್ದು. ಆದರೆ ಅದಕ್ಕೂ ಮೊದಲು ಎರಡು ವರ್ಷದಷ್ಟು ಪಾಠಗಳಿರುತ್ತವೆ. ಸಂಶೋಧನಾ ವಿಧಾನ, ಶಿಕ್ಷಣ ನೀತಿ, ವೃತ್ತಿಯ ಬಗ್ಗೆ ಚಿಂತನೆ, ಒಂದೊಂದಕ್ಕೂ ಉದ್ದುದ್ದ ಅಸೈನ್‌ಮೆಂಟ್. ಎಲ್ಲವೂ ಶನಿವಾರ, ಭಾನುವಾರ, ರಜಾದಿನಗಳಲ್ಲಿ. ಆಮೇಲೆ ಥೀಸಿಸ್, ಕೊನೆಗೆ ವೈವಾ, ಅಂದರೆ ಮೌಖಿಕ ಪರೀಕ್ಷೆ. ವೈವಾದಲ್ಲಿ ಹೊರಗಿನ ಪರೀಕ್ಷಕರು ಪಿಎಚ್‌.ಡಿ.ಯವರನ್ನು ಎಷ್ಟು ಗೋಳುಹೊಯ್ದುಕೊಳ್ಳುತ್ತಾರೋ ನಮ್ಮನ್ನೂ ಅಷ್ಟೇ. ಇಂಗ್ಲೆಂಡಿನ ಅರ್ಹತಾ ಚೌಕಟ್ಟಿನಲ್ಲಿ ಎರಡೂ 8ನೇ, ಅಂದರೆ ಅತಿ ಮೇಲಿನ ಹಂತದ ಪದವಿಗಳು.

ಇದರ ಚರಿತ್ರೆಯಲ್ಲಿ ಜಗಳವೇ ಜಾಸ್ತಿ. ಅಮೆರಿಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ 1921ರಲ್ಲಿ ಮೊದಲ ಎಡ್‌ಡಿ ಕೊಟ್ಟಿತು. ಬ್ರಿಟನ್ನಿಗೆ ಬರಲು ಎಪ್ಪತ್ತು ವರ್ಷ ಹಿಡಿಯಿತು. ಬ್ರಿಸ್ಟಲ್ ವಿಶ್ವವಿದ್ಯಾಲಯ ಶುರು ಮಾಡಿದ್ದು 1992ರಲ್ಲಿ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನ ಅಧ್ಯಕ್ಷರಾಗಿದ್ದ ಆರ್ಥರ್ ಲೆವೀನ್ 2005ರ ತಮ್ಮ ವರದಿಯಲ್ಲಿ ಈ ಪದವಿಯನ್ನು ರದ್ದು ಮಾಡಿ ಎಂದೇ ಬರೆದರು. ಅತ್ತ ಪೂರ್ತಿ ಸಂಶೋಧನೆಯೂ ಅಲ್ಲ, ಇತ್ತ ವೃತ್ತಿಗೂ ಉಪಯೋಗವಿಲ್ಲ ಎಂಬ ದೂರು ಅದಾಗಲೇ ಇತ್ತು. ಅದಕ್ಕೆ ಉತ್ತರವಾಗಿ 2007ರಲ್ಲಿ ಕಾರ್ನೆಗಿ ಪ್ರಾಜೆಕ್ಟ್ ಎಂಬ ಕೂಟ ಹುಟ್ಟಿತು. ಹಲವು ವಿಶ್ವವಿದ್ಯಾಲಯಗಳು ಒಟ್ಟಿಗೆ ಕೂತು, ಎಡ್‌ಡಿ ಅಂದರೆ ಪಿಎಚ್‌.ಡಿ.ಯ ತಮ್ಮನಲ್ಲ, ಅದರ ದಾರಿಯೇ ಬೇರೆ ಎಂದು ತೀರ್ಮಾನಿಸಿದವು. ಪ್ರಶ್ನೆ ಪುಸ್ತಕದಿಂದ ಹುಟ್ಟಬಾರದು, ಕೆಲಸದ ಜಾಗದಿಂದ ಹುಟ್ಟಬೇಕು ಎಂಬುದು ಅವರ ಮಾತಿನ ಸಾರ. ತಮಾಷೆ ಎಂದರೆ, ಅಲ್ಲಿ ಮೊದಲು ಶುರು ಮಾಡಿದ ಹಾರ್ವರ್ಡೇ ಇದನ್ನು ಕೈಬಿಟ್ಟು 2014ರಿಂದ ಶಿಕ್ಷಣದಲ್ಲಿ ಪಿಎಚ್‌.ಡಿ. ಕೊಡತೊಡಗಿತು.

ಕೆಲಸದ ಜಾಗದಿಂದ ಪ್ರಶ್ನೆ ಹುಟ್ಟಬೇಕು ಅಂದರೆ ಕೇಳಲು ಸಲೀಸು. ನನ್ನ ಬಳಿ ಬರುವವರು ಮೊದಲ ದಿನ ತರುವುದು ಪ್ರಶ್ನೆಯನ್ನಲ್ಲ, ದೂರನ್ನು. ಒಬ್ಬ ಪ್ರಾಥಮಿಕ ಶಾಲೆಯ ಉಪಮುಖ್ಯಶಿಕ್ಷಕಿ (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ) ಬಂದದ್ದು, "ನಮ್ಮ ಶಾಲೆಯ ಪೋಷಕರಿಗೆ ಆಸಕ್ತಿಯೇ ಇಲ್ಲ, ಅದರ ಬಗ್ಗೆ ಸಂಶೋಧನೆ ಮಾಡ್ತೀನಿ" ಎಂದು. ಯಾವ ಪೋಷಕರಿಗೆ ಎಂದು ಕೇಳಿದೆ. ಸಭೆಗೆ ಬರದವರಿಗೆ ಅಂದರು. ಸಭೆ ಎಷ್ಟು ಗಂಟೆಗೆ? ಸಂಜೆ ನಾಲ್ಕಕ್ಕೆ. ಆ ಊರಿನಲ್ಲಿ ಜನಕ್ಕೆ ಏನು ಕೆಲಸ? ಅವರು ಸ್ವಲ್ಪ ತಡೆದು, "ಹೆಚ್ಚಿನವರು ಗೋದಾಮಿನಲ್ಲಿ, ಶಿಫ್ಟ್ ಡ್ಯೂಟಿ" ಅಂದರು. ಮುಂದಿನ ಭೇಟಿಗೆ ಅವರು ಬಂದದ್ದು ಸ್ವಲ್ಪ ಸಿಟ್ಟಿನಲ್ಲೇ. ಎಂಟು ತಿಂಗಳ ನಂತರ ಅವರ ಪ್ರಶ್ನೆ ಹೀಗಾಗಿತ್ತು: ಪೋಷಕರ ಆಸಕ್ತಿ ಎಂದು ನಮ್ಮ ಶಾಲೆ ಯಾವುದನ್ನು ಲೆಕ್ಕಕ್ಕೆ ಹಿಡಿಯುತ್ತದೆ, ಯಾವುದನ್ನು ಕಾಣುವುದೇ ಇಲ್ಲ? ಮೊದಲನೆಯ ಪ್ರಶ್ನೆಯಲ್ಲಿ ತಪ್ಪು ಪೋಷಕರದ್ದು ಎಂದು ಮೊದಲೇ ತೀರ್ಪಾಗಿದೆ. ಎರಡನೆಯದರಲ್ಲಿ ಕೇಳುವವರೂ ಕಟಕಟೆಯಲ್ಲಿ ನಿಂತಿದ್ದಾರೆ. ಈ ಎಂಟು ತಿಂಗಳೇ ಎಡ್‌ಡಿಯ ಅರ್ಧ ಕೆಲಸ.

ನನಗೂ ಹಾಗೇ ಆಯಿತು. ಇಂಗ್ಲೆಂಡಿನ ಎಷ್ಟೋ ಪ್ರೌಢಶಾಲೆಗಳಲ್ಲಿ ಗಣಿತಕ್ಕೆ ಮಕ್ಕಳನ್ನು 'ಸೆಟ್' ಎಂದು ವಿಂಗಡಿಸುತ್ತಾರೆ. ಚುರುಕಾದವರು ಮೇಲಿನ ಸೆಟ್, ನಿಧಾನದವರು ಕೆಳಗಿನದು. ಕೆಳಗಿನ ಸೆಟ್‌ನವರನ್ನು ಸಾಮಾನ್ಯವಾಗಿ ಹದಿನಾರನೇ ವಯಸ್ಸಿನ ಜಿಸಿಎಸ್‌ಇ ಪರೀಕ್ಷೆಯಲ್ಲಿ ಫೌಂಡೇಶನ್ ಎಂಬ ಸುಲಭದ ಪತ್ರಿಕೆಗೆ ಕೂರಿಸುತ್ತಾರೆ. ಈ ಪರೀಕ್ಷೆಯ ಅತಿ ಮೇಲಿನ ಗ್ರೇಡ್ 9. ಫೌಂಡೇಶನ್‌ನಲ್ಲಿ ಎಷ್ಟೇ ಚೆನ್ನಾಗಿ ಬರೆದರೂ 5ರ ಮೇಲೆ ಸಿಗುವುದಿಲ್ಲ. ಸೆಟ್ ಬದಲಾವಣೆ ಹೇಗೆ ನಡೆಯುತ್ತದೆ ನೋಡೋಣ ಎಂದು ನಾನು ಹೊರಟೆ. ಟೆಸ್ಟ್ ಅಂಕದ ಮೇಲೆ ನಡೆಯುತ್ತದೆ ಎಂದೇ ನಂಬಿದ್ದೆ. ನಮ್ಮ ವಿಭಾಗದ ಹಳೆಯ ಕಾಗದಗಳನ್ನು ತೆಗೆದು ಕೂತಾಗ ಕಂಡದ್ದು ಬೇರೆ. ಅಂಕದ ಜೊತೆಗೆ 'ಗಮನ ಕೊಡುವುದಿಲ್ಲ', 'ಗಲಾಟೆ' ಎಂಬ ಕಾರಣಕ್ಕೂ ಮಕ್ಕಳು ಕೆಳಗೆ ಇಳಿದಿದ್ದರು. ಇಳಿದವರು ಮತ್ತೆ ಮೇಲೆ ಬಂದದ್ದು ಅಪರೂಪ. ಇಳಿಸಿದ ಹಾಳೆಗಳಲ್ಲಿ ಕೆಲವಕ್ಕೆ ಸಹಿ ನನ್ನದೇ ಇತ್ತು.

ಅವತ್ತು ರಾತ್ರಿ ಊಟ ಸೇರಲಿಲ್ಲ.

ಹೊರಗಿನಿಂದ ಬರುವ ಸಂಶೋಧಕರಿಗೆ ಒಂದು ಅನುಕೂಲ ಇದೆ. ಮಾಹಿತಿ ಸಂಗ್ರಹಿಸಿ ಅವರು ಹೊರಟು ಹೋಗುತ್ತಾರೆ. ನಾವು ಸೋಮವಾರ ಅದೇ ಜನರ ಮುಖ ನೋಡಬೇಕು. ನಾನು ಆಗ ಗಣಿತ ವಿಭಾಗದ ಮುಖ್ಯಸ್ಥೆ. ನನ್ನ ಕೈಕೆಳಗಿನ ಶಿಕ್ಷಕರನ್ನು ನಾನೇ ಸಂದರ್ಶನ ಮಾಡಬೇಕಿತ್ತು. ಒಪ್ಪಿಗೆ ಪತ್ರ ಕೊಟ್ಟೆ, ಎಲ್ಲರೂ ನಗುತ್ತಾ ಸಹಿ ಹಾಕಿದರು. ಗೈಡ್ ಆ ಕಾಗದಗಳನ್ನು ನೋಡಿ ಒಂದೇ ಮಾತು ಕೇಳಿದರು: "ಇವರಲ್ಲಿ ಯಾರಿಗೆ ಇಲ್ಲ ಅನ್ನುವ ಧೈರ್ಯ ಇತ್ತು?" ವರ್ಷದ ಕೊನೆಗೆ ಅವರ ಕೆಲಸದ ಬಗ್ಗೆ ಅಭಿಪ್ರಾಯ ಬರೆಯುವವಳು ನಾನೇ ತಾನೆ. ಬ್ರಿಟನ್ನಿನ ಶಿಕ್ಷಣ ಸಂಶೋಧಕರ ಸಂಘದ ನೈತಿಕ ಮಾರ್ಗಸೂಚಿಯೂ (2024ರಲ್ಲಿ ಅದರ ಐದನೇ ಆವೃತ್ತಿ ಬಂತು) ಇದೇ ಇಕ್ಕಟ್ಟಿನ ಬಗ್ಗೆ ಎಚ್ಚರಿಸುತ್ತದೆ. ಕೊನೆಗೆ ಆ ಸಹಿಗಳನ್ನೆಲ್ಲ ಬದಿಗಿಟ್ಟು, ಬೇರೆ ವಿಭಾಗದ ಒಬ್ಬರ ಮೂಲಕ ಮತ್ತೆ ಕೇಳಿಸಿದೆ. ಯಾರು ಒಪ್ಪಿದರು, ಯಾರು ಬಿಟ್ಟರು ಎಂಬುದು ನನಗೆ ತಿಳಿಯದಂತೆ ಸಂದರ್ಶನವನ್ನೂ ಅವರೇ ಮಾಡಿದರು. ನಾಲ್ಕು ತಿಂಗಳು ತಡವಾಯಿತು.

ಹೆಸರು ಮುಚ್ಚಿಡುವುದೂ ಅಷ್ಟೇ ಕಷ್ಟ. ಶಾಲೆಯಲ್ಲಿ ಭೌತಶಾಸ್ತ್ರಕ್ಕೆ ಒಬ್ಬರೇ ಇದ್ದರೆ 'ಭೌತಶಾಸ್ತ್ರದ ಶಿಕ್ಷಕರೊಬ್ಬರು' ಎಂದು ಬರೆದರೂ ಹೆಸರು ಬರೆದಂತೆಯೇ. ಇನ್ನು ಸ್ಟಾಫ್ ರೂಮಿನ ಹರಟೆ. ಚಹಾ ಕುದಿಯುವಾಗ ಒಬ್ಬರು ಹೇಳಿದ ಮಾತು ನನ್ನ ವಿಷಯಕ್ಕೆ ಹೇಳಿ ಮಾಡಿಸಿದಂತಿತ್ತು. ನನ್ನ ಮುಖ ನೋಡಿ ಅವರೇ ಕೇಳಿಬಿಟ್ಟರು, "ಇದೂ ನಿನ್ನ ಥೀಸಿಸ್‌ಗೆ ಹೋಗುತ್ತಾ?" ಇಲ್ಲ ಅಂದೆ, ಹಾಕಲೂ ಇಲ್ಲ. ಆದರೂ ಆಮೇಲೆ ಒಂದಷ್ಟು ತಿಂಗಳು ನಾನು ಒಳಗೆ ಬಂದರೆ ಮಾತು ಹವಾಮಾನದ ಕಡೆ ತಿರುಗುತ್ತಿತ್ತು. ಇಂಗ್ಲೆಂಡಿನಲ್ಲಿ ಅದಕ್ಕೆ ಹೇಗೂ ವಿಷಯದ ಕೊರತೆ ಇಲ್ಲ.

ನಮ್ಮ ಕಡೆ ಇದನ್ನು ಊಹಿಸಿಕೊಳ್ಳಿ. ಒಬ್ಬ ಬಿಇಒ (ತಾಲ್ಲೂಕಿನ ಶಿಕ್ಷಣಾಧಿಕಾರಿ) ತಮ್ಮದೇ ತಾಲ್ಲೂಕಿನ ಶಾಲೆಗಳ ಮೇಲೆ ಸಂಶೋಧನೆ ಮಾಡುತ್ತಾರೆ. ಪ್ರಶ್ನಾವಳಿ ಅವರ ಕೈಕೆಳಗಿನ ಸಿಆರ್‌ಪಿಗಳ (ಶಾಲೆಗಳಿಗೆ ಭೇಟಿ ಕೊಡುವ ಸಂಪನ್ಮೂಲ ಶಿಕ್ಷಕರು) ಕೈಲಿ ಹೋಗುತ್ತದೆ. ಉತ್ತರ ಏನು ಬರುತ್ತದೆ ಹೇಳಿ? "ಎಲ್ಲಾ ಚೆನ್ನಾಗಿದೆ ಸಾರ್." ಆ ಉತ್ತರವನ್ನು ಕಂಪ್ಯೂಟರಿಗೆ ಹಾಕಿ ಎಷ್ಟು ಲೆಕ್ಕ ತೆಗೆದರೂ ಬರುವುದು ಅದೇ.

ಕರ್ನಾಟಕದಲ್ಲೇ ಇದ್ದು ಓದುವವರು ಏನು ಮಾಡಬೇಕು? ನಮ್ಮ ವಿಶ್ವವಿದ್ಯಾಲಯಗಳಲ್ಲಿ ಎಡ್‌ಡಿಯ ರೂಢಿ ಇಲ್ಲ. ಇರುವುದು ಶಿಕ್ಷಣದಲ್ಲಿ ಪಿಎಚ್‌.ಡಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದ ಪ್ರಕಾರ ಅದಕ್ಕೆ ಕನಿಷ್ಠ ಮೂರು ವರ್ಷ ಬೇಕು, ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಕೆಲಸದಲ್ಲಿದ್ದವರು ಪಾರ್ಟ್‌ಟೈಮ್ ಮಾಡಬಹುದು. ಅದಕ್ಕೆ ಮೇಲಧಿಕಾರಿಯ ಎನ್‌ಒಸಿ ಬೇಕು. 'ಸಂಶೋಧನೆಗೆ ಬೇಕಾದಷ್ಟು ಸಮಯ ಇವರ ಕೆಲಸದಲ್ಲಿ ಸಿಗುತ್ತದೆ' ಎಂದು ಅದರಲ್ಲಿ ಬರೆದುಕೊಡಬೇಕು. ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಎಲ್ಲ ಹೊತ್ತ ಮೇಷ್ಟ್ರ ಬಗ್ಗೆ ಆ ವಾಕ್ಯಕ್ಕೆ ಸಹಿ ಹಾಕುವಾಗ ಯಾರಿಗಾದರೂ ನಗು ಬರಬೇಕು.

ಪದವಿಯ ಹೆಸರು ಪಿಎಚ್‌.ಡಿ. ಆದರೇನಂತೆ, ಪ್ರಶ್ನೆಯನ್ನು ಎಡ್‌ಡಿ ರೀತಿಯಲ್ಲಿ ಹುಡುಕಬಹುದು. ನಮ್ಮಲ್ಲಿ ಶಿಕ್ಷಣದ ಥೀಸಿಸ್‌ಗಳ ಶೀರ್ಷಿಕೆಗೆ ಒಂದು ಅಚ್ಚು ಇದೆ. ಇಂಥ ಜಿಲ್ಲೆಯ ಪ್ರೌಢಶಾಲಾ ವಿದ್ಯಾರ್ಥಿಗಳ ಶೈಕ್ಷಣಿಕ ಸಾಧನೆಗೂ ಇಂಥದ್ದಕ್ಕೂ ಇರುವ ಸಂಬಂಧ, ಒಂದು ಅಧ್ಯಯನ. ಜಿಲ್ಲೆ ಬದಲಿಸಿದರೆ ಹೊಸ ಥೀಸಿಸ್ ಸಿದ್ಧ. ಅಂಥದ್ದರಲ್ಲಿ ಬರೆದವರ ಹದಿನೈದು ವರ್ಷದ ಅನುಭವ ಎಲ್ಲೂ ಕಾಣುವುದಿಲ್ಲ. ಅದಕ್ಕೆ ಹೋಲಿಸಿದರೆ ನಮ್ಮ ಸರ್ಕಾರಿ ಶಾಲೆಗಳಲ್ಲಿ ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ನೆನಪಾಗುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ವಿಧಾನ ನೋಡಿ ಬಂದರು. ಬಂದು ತಮ್ಮ ಮಕ್ಕಳಿಗೆ ತಕ್ಕಂತೆ ಕಲಿಕೆಯ ಕಾರ್ಡುಗಳನ್ನು ತಾವೇ ಕೂತು ಮಾಡಿದರು. ಯಾರಿಗೂ ಡಾಕ್ಟರೇಟ್ ಬೇಕಿರಲಿಲ್ಲ. ಒಂದೇ ಕೋಣೆಯಲ್ಲಿ ಬೇರೆ ಬೇರೆ ಮಟ್ಟದ ಮಕ್ಕಳಿದ್ದಾರೆ, ಏನು ಮಾಡೋಣ ಎಂಬ ಪ್ರಶ್ನೆ ಇತ್ತು.

ವಿದೇಶದ ಎಡ್‌ಡಿಯೇ ಬೇಕು ಅನ್ನುವವರಿಗೆ ಎರಡು ಎಚ್ಚರಿಕೆ. ಬ್ರಿಟನ್ನಿಗೆ ವಿದ್ಯಾರ್ಥಿ ವೀಸಾದಲ್ಲಿ ಬಂದು ಪಾರ್ಟ್‌ಟೈಮ್ ಓದಿದರೆ ಇಲ್ಲಿ ಕೆಲಸ ಮಾಡುವ ಹಾಗಿಲ್ಲ. ಎಡ್‌ಡಿ ಇರುವುದೇ ಕೆಲಸದಲ್ಲಿರುವವರಿಗೆ. ಅದಕ್ಕೆಂದೇ ಶಾಲೆ ಬಿಟ್ಟು ಬಂದರೆ ಯಾವ ಶಾಲೆಯ ಬಗ್ಗೆ ಬರೆಯುತ್ತೀರಿ? ಎರಡನೆಯದು, ಮೊಬೈಲಿನಲ್ಲಿ ಬರುವ 'ಮನೆಯಲ್ಲೇ ಕೂತು ಆನ್‌ಲೈನ್ ಡಾಕ್ಟರೇಟ್' ಜಾಹೀರಾತು. ವಿದೇಶಿ ವಿಶ್ವವಿದ್ಯಾಲಯದ ಹೆಸರಲ್ಲಿ ಎಡ್‌ಟೆಕ್ ಕಂಪನಿಗಳು ಕೊಡುವ ಆನ್‌ಲೈನ್ ಪಿಎಚ್‌.ಡಿ.ಗೆ ಮಾನ್ಯತೆ ಇಲ್ಲ ಎಂದು ಯುಜಿಸಿ ಮತ್ತು ತಾಂತ್ರಿಕ ಶಿಕ್ಷಣದ ಮಂಡಳಿಯಾದ ಎಐಸಿಟಿಇ 2022ರಲ್ಲೇ ಹೇಳಿವೆ. ವಿದೇಶಿ ಪದವಿಗಳ ಸಮಾನತೆಗೆ ಯುಜಿಸಿ 2025ರಲ್ಲಿ ತಂದ ನಿಯಮದಲ್ಲೂ ಫ್ರಾಂಚೈಸಿ ಮೂಲಕ ಪಡೆದ ಪದವಿ ನಡೆಯುವುದಿಲ್ಲ. ಫೀಸು ಕಟ್ಟುವ ಮೊದಲು ನಿಮ್ಮ ಕೋರ್ಸಿನ ಹೆಸರು ಹಾಕಿ ಯುಜಿಸಿಗೆ ಬರೆದು ಲಿಖಿತ ಉತ್ತರ ಪಡೆಯಿರಿ. ದಲ್ಲಾಳಿಯ ಮಾತು ಬೇಡ. ಬರೀ 'ಡಾ.' ಸಾಕು ಅನ್ನುವವರಿಗೆ ಊರಲ್ಲೇ ಶಾಲು, ಪೇಟ, ಫೋಟೋ ಸಮೇತ ಗೌರವ ಡಾಕ್ಟರೇಟ್ ಹಂಚುವವರಿದ್ದಾರೆ. ಅದಕ್ಕೆ ಆರು ವರ್ಷ ಯಾಕೆ ವ್ಯರ್ಥ ಮಾಡಬೇಕು?

ಸೇರಿದವರಿಗೂ ಒಂದು ಮಾತು. ಮೊದಲ ಎರಡು ವರ್ಷ ಬ್ಯಾಚ್ ಇರುತ್ತದೆ, ಜೊತೆಗೆ ಗೊಣಗಲು ಜನ ಇರುತ್ತಾರೆ. ಪಾಠ ಮುಗಿದ ಮೇಲೆ ಒಂಟಿ. ಜನ ಕಳೆದುಹೋಗುವುದು ಆ ಮೂರನೇ ವರ್ಷದಲ್ಲೇ. ನಾವು ನಾಲ್ವರು ತಿಂಗಳಿಗೊಂದು ಭಾನುವಾರ ಸೇರಿ ಬರೆದದ್ದನ್ನು ಓದಿಕೊಳ್ಳುತ್ತಿದ್ದೆವು. ಏನೂ ಬರೆಯದಿದ್ದರೂ ಬರಲೇಬೇಕು ಎಂಬುದೊಂದೇ ನಿಯಮ.

ನನಗೆ ಬರೆಯುವವರಿಗೆ ಈಗ ಒಂದು ಕೆಲಸ ಹೇಳುತ್ತೇನೆ. ನಿಮ್ಮ ಶಾಲೆಯಲ್ಲಿ ನಿಮ್ಮನ್ನು ಕಾಡುವ ಒಂದು ಸಂಗತಿಯ ಬಗ್ಗೆ ಎರಡು ಪುಟ ಬರೆದು ಕಳಿಸಿ. ಯಾರನ್ನೂ ದೂರಬೇಡಿ, ಕಂಡದ್ದನ್ನಷ್ಟೇ ಬರೆಯಿರಿ. ಹೆಚ್ಚಿನವರು ಮತ್ತೆ ಬರೆಯುವುದಿಲ್ಲ. ಕಳೆದ ತಿಂಗಳು ಕೊಪ್ಪಳ ಕಡೆಯ ಮೇಷ್ಟ್ರೊಬ್ಬರು ಬರೆದಿದ್ದಾರೆ. ಬಿಸಿಯೂಟ ಆದ ಮೇಲೆ ಐದನೇ ತರಗತಿಯ ಕೆಲವು ಮಕ್ಕಳು ಮನೆಗೆ ಹೋಗಿಬಿಡುತ್ತಾರಂತೆ. ಯಾರು, ಯಾವ ವಾರ, ಮಧ್ಯಾಹ್ನದ ಮೊದಲ ಪಿರಿಯಡ್ಡಿನಲ್ಲಿ ಯಾವ ಪಾಠವಿತ್ತು, ಎಲ್ಲ ಬರೆದಿಟ್ಟಿದ್ದಾರೆ. ಆ ಪಿರಿಯಡ್ ಅವರದ್ದೇ. ನಾನು ಕೇಳಿದ್ದು ಎರಡು ಪುಟ, ಬಂದದ್ದು ಹನ್ನೊಂದು. ಇನ್ನೂ ಓದುತ್ತಿದ್ದೇನೆ.