ಮೊದಲು ಓದಿ, ಆಮೇಲೆ ಕ್ಲಿಯರ್ ಮಾಡಿ

ಸರ್ವರ್ ಮುಂಭಾಗದಲ್ಲಿ ಅಂಬರ್ ದೀಪ ಮಿನುಗತೊಡಗಿದರೆ ಎಷ್ಟೋ ಜನ ಮೊದಲು ಮಾಡುವ ಕೆಲಸ ಹಾರ್ಡ್‌ವೇರ್ ಲಾಗ್ ಅಳಿಸಿಹಾಕುವುದು. ಹಲವು ಯಂತ್ರಗಳಲ್ಲಿ ಅಷ್ಟಕ್ಕೇ ದೀಪ ಆರುತ್ತದೆ, ಮಾನಿಟರಿಂಗ್ ಪರದೆ ಹಸಿರಾಗುತ್ತದೆ, ಶಿಫ್ಟ್ ನೆಮ್ಮದಿಯಾಗಿ ಮುಗಿಯುತ್ತದೆ. ಕೆಲವು ದಿನ ಬಿಟ್ಟು ಅದೇ ಯಂತ್ರ ನಡುರಾತ್ರಿ ತಂತಾನೇ ರೀಬೂಟ್ ಆದಾಗ ಸಪೋರ್ಟ್‌ನವರು ಮೊದಲು ಕೇಳುವುದು ಅದೇ ಲಾಗ್. ಕಳಿಸಲು ಏನೂ ಉಳಿದಿರುವುದಿಲ್ಲ.

ನಾನು ಹೇಳುತ್ತಿರುವುದು ಆಪರೇಟಿಂಗ್ ಸಿಸ್ಟಂ ಬರೆಯುವ ಲಾಗ್ ಬಗ್ಗೆ ಅಲ್ಲ. ಮದರ್‌ಬೋರ್ಡ್ ಮೇಲೆ ಬಿಎಂಸಿ ಎಂಬ ಪುಟ್ಟ ಕಂಪ್ಯೂಟರ್ ಬೇರೆಯೇ ಇರುತ್ತದೆ. ಡೆಲ್‌ನವರು ಅದನ್ನು ಐಡ್ರ್ಯಾಕ್ ಅನ್ನುತ್ತಾರೆ, ಎಚ್‌ಪಿಇಯವರು (ಹಿಂದಿನ ಎಚ್‌ಪಿ) ಐಎಲ್‌ಒ. ಪ್ಲಗ್‌ನಲ್ಲಿ ಕರೆಂಟ್ ಇದ್ದರೆ ಸಾಕು, ಸರ್ವರ್ ಆಫ್ ಆಗಿದ್ದರೂ ಅದು ಎಚ್ಚರವಾಗಿರುತ್ತದೆ. ಫ್ಯಾನು, ತಾಪಮಾನ, ವೋಲ್ಟೇಜ್, ಪವರ್ ಸಪ್ಲೈ, ಮೆಮೊರಿ ಇವುಗಳಲ್ಲಿ ಏರುಪೇರಾದರೆ ತನ್ನದೇ ಫ್ಲಾಶ್ ಮೆಮೊರಿಯಲ್ಲಿ ಬರೆದಿಡುತ್ತದೆ. ಇದೇ ಸಿಸ್ಟಂ ಈವೆಂಟ್ ಲಾಗ್, ಬಾಯಿಮಾತಿನಲ್ಲಿ 'ಸೆಲ್'. ಲಿನಕ್ಸ್ ಕರ್ನಲ್ ಕುಸಿದುಬಿದ್ದು ಡಿಸ್ಕಿಗೆ ಒಂದಕ್ಷರವೂ ಬರೆಯಲಾಗದ ಗಳಿಗೆಯಲ್ಲೂ ಇಲ್ಲಿ ಒಂದು ಸಾಲು ಬಿದ್ದಿರುವ ಸಾಧ್ಯತೆ ಉಂಟು. ಇದರ ಹಿಂದಿರುವ ಐಪಿಎಂಐ ಮಾನದಂಡವನ್ನು ಇಂಟೆಲ್, ಡೆಲ್, ಎಚ್‌ಪಿ, ಎನ್‌ಇಸಿ ಸೇರಿ 1998ರಲ್ಲಿ ತಂದವು, 2.0 ಆವೃತ್ತಿ ಬಂದದ್ದು 2004ರಲ್ಲಿ.

ಒಂದು ದಾಖಲೆಗೆ ಸಿಗುವ ಜಾಗ ಬರೀ 16 ಬೈಟ್. ಅದರಲ್ಲಿ 4 ಬೈಟ್ ಸಮಯಕ್ಕೆ ಹೋಗುತ್ತದೆ, ಇನ್ನಷ್ಟು ಸೆನ್ಸರ್ ಯಾವುದು, ಯಾವ ಬಗೆಯದು ಎನ್ನುವುದಕ್ಕೆ. ನಿಜವಾಗಿ ಏನಾಯಿತು ಎಂದು ಹೇಳಲು ಉಳಿಯುವುದು 3 ಬೈಟ್. ಈ ಲಾಗ್ ಯಾಕೆ ಇಷ್ಟು ಮಿತಭಾಷಿ ಎಂದು ಗೊಣಗುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಒಟ್ಟು ಜಾಗವೂ ಚಿಕ್ಕದೇ: 512 ದಾಖಲೆ ಹಿಡಿಯುವ ಯಂತ್ರವಾದರೆ ಪೂರ್ತಿ ಲಾಗ್ 8 ಕಿಲೋಬೈಟ್.

ಓದಲು ಲಿನಕ್ಸ್‌ನಲ್ಲಿ ನಾವೆಲ್ಲ ಬಳಸುವುದು ಐಪಿಎಂಐಟೂಲ್. ಕಮಾಂಡುಗಳನ್ನು ಇಲ್ಲಿ ಉಚ್ಚರಿಸುವ ಹಾಗೆ ಬರೆದಿದ್ದೇನೆ, ನೀವು ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿಕೊಳ್ಳಿ. ಮೊದಲು 'ಐಪಿಎಂಐಟೂಲ್ ಸೆಲ್ ಇನ್ಫೋ'. ಎಷ್ಟು ದಾಖಲೆ ಇವೆ, ಶೇಕಡಾ ಎಷ್ಟು ತುಂಬಿದೆ, ಕೊನೆಯ ಸಾಲು ಬಿದ್ದದ್ದು ಯಾವಾಗ ಎಂದು ಅದು ಹೇಳುತ್ತದೆ. ಈ ಕಮಾಂಡನ್ನು ಬಿಟ್ಟುಬಿಡುವವರೇ ಹೆಚ್ಚು. ಶೇಕಡಾ 100 ತುಂಬಿದ್ದರೆ ಹಲವು ಬಿಎಂಸಿಗಳು ಹೊಸ ಘಟನೆಯನ್ನು ಬರೆಯುವುದನ್ನೇ ನಿಲ್ಲಿಸುತ್ತವೆ. ಹಳೆಯದನ್ನು ಅಳಿಸಿ ಹೊಸದಕ್ಕೆ ಜಾಗ ಮಾಡಿಕೊಡುವಂಥವೂ ಇವೆ. ನಿಮ್ಮ ಯಂತ್ರ ಮೊದಲನೆಯ ಜಾತಿಯದಾದರೆ, 'ಲಾಗ್‌ನಲ್ಲಿ ಹೊಸದೇನೂ ಇಲ್ಲ' ಎಂಬ ಮಾತಿಗೆ ಕಿಲುಬು ಕಾಸಿನ ಬೆಲೆಯೂ ಇಲ್ಲ.

ಆಮೇಲೆ 'ಸೆಲ್ ಇಲಿಸ್ಟ್'. ಬರೀ 'ಸೆಲ್ ಲಿಸ್ಟ್' ಕೊಟ್ಟರೆ ಸೆನ್ಸರಿನ ನಂಬರ್ ಮಾತ್ರ ಬರುತ್ತದೆ, ಇಲಿಸ್ಟ್ ಹೆಸರನ್ನೂ ಹುಡುಕಿ ಕೊಡುತ್ತದೆ. ಕೊಂಚ ತಡವಾಗುತ್ತದೆ, ಕಾಯಬಹುದು. ಎಡತುದಿಯ ಕ್ರಮಸಂಖ್ಯೆ ಹೆಕ್ಸಾಡೆಸಿಮಲ್‌ನಲ್ಲಿ (ಹದಿನಾರರ ಲೆಕ್ಕದಲ್ಲಿ) ಇರುತ್ತದೆ. '1ಎ' ಎಂಬ ದಾಖಲೆಯ ಪೂರ್ತಿ ವಿವರ ಬೇಕಿದ್ದರೆ 'ಸೆಲ್ ಗೆಟ್' ಆದಮೇಲೆ ಆ ಸಂಖ್ಯೆಯ ಹಿಂದೆ ಸೊನ್ನೆ-ಎಕ್ಸ್ ಅಂಟಿಸಿಯೇ ಕೊಡಬೇಕು, ಇಲ್ಲವಾದರೆ ಅದನ್ನು ಮಾಮೂಲಿ ಹತ್ತರ ಲೆಕ್ಕದ ಸಂಖ್ಯೆ ಎಂದುಕೊಳ್ಳುತ್ತದೆ. '10' ಎಂದು ಬರಿದೇ ಕೊಟ್ಟು ಬೇರೆ ದಾಖಲೆ ನೋಡಿ ತಲೆ ಕೆರೆದುಕೊಳ್ಳುವುದು ಮಾಮೂಲು.

ಒಂಟಿ ಸಾಲನ್ನು ಓದಿ ತೀರ್ಪು ಕೊಡಬೇಡಿ. ಇಂಥದ್ದೊಂದು ತುಣುಕನ್ನು ನೋಡಿ:

11:02:14 | ಪಿಎಸ್2 ಸ್ಟೇಟಸ್ | ಪವರ್ ಸಪ್ಲೈ ಎಸಿ ಲಾಸ್ಟ್ | ಅಸರ್ಟೆಡ್
11:02:15 | ಪಿಎಸ್ ರಿಡಂಡೆನ್ಸಿ | ರಿಡಂಡೆನ್ಸಿ ಲಾಸ್ಟ್ | ಅಸರ್ಟೆಡ್
11:02:23 | ಪಿಎಸ್2 ಸ್ಟೇಟಸ್ | ಪವರ್ ಸಪ್ಲೈ ಎಸಿ ಲಾಸ್ಟ್ | ಡಿಅಸರ್ಟೆಡ್

ಅಸರ್ಟೆಡ್ ಎಂದರೆ ಆ ಸ್ಥಿತಿ ಶುರುವಾಯಿತು, ಡಿಅಸರ್ಟೆಡ್ ಎಂದರೆ ಮುಗಿಯಿತು. ರಿಡಂಡೆನ್ಸಿ ಲಾಸ್ಟ್ ಎಂದರೆ ಒಂದು ಪವರ್ ಸಪ್ಲೈ ಹೋದರೆ ಇನ್ನೊಂದಿದೆ ಎಂಬ ಆಸರೆ ತಪ್ಪಿತು. ಎರಡನೇ ಪವರ್ ಸಪ್ಲೈಗೆ 9 ಸೆಕೆಂಡ್ ಕರೆಂಟ್ ಬರಲಿಲ್ಲ, ಮತ್ತೆ ಬಂತು. ಮೊದಲನೇ ಸಾಲನ್ನಷ್ಟೇ ನೋಡಿದವರು ಪವರ್ ಸಪ್ಲೈ ಕೆಟ್ಟಿದೆ ಎಂದು ಹೊಸದು ತರಿಸುತ್ತಾರೆ. ಆದರೆ ಇದೇ ಮೂರು ಸಾಲು ಪ್ರತಿ ಶನಿವಾರ ಹೆಚ್ಚುಕಡಿಮೆ ಅದೇ ಹೊತ್ತಿಗೆ ಕಾಣಿಸಿದರೆ, ಅವತ್ತು ಡೀಸೆಲ್ ಜನರೇಟರ್ ಪರೀಕ್ಷೆ ಇದೆಯೇ ಎಂದು ಎಲೆಕ್ಟ್ರಿಕಲ್‌ನವರನ್ನು ಕೇಳಿ. ಅದೇ ರ‍್ಯಾಕಿನ ಉಳಿದ ಸರ್ವರ್‌ಗಳ ಲಾಗ್ ಕೂಡ ತೆಗೆದು ನೋಡಿ. ಎಲ್ಲದರಲ್ಲೂ ಪಿಎಸ್2 ಒಟ್ಟಿಗೇ ಬಿದ್ದಿದ್ದರೆ ತೊಂದರೆ ಸರ್ವರ್‌ನದ್ದಲ್ಲ: ಆ ಲೈನಿನ ಯುಪಿಎಸ್ ಬ್ಯಾಟರಿ ಹೋಗಿದೆ, ಇಲ್ಲವೇ ಆ ಪಿಡಿಯುವನ್ನು (ಸರ್ವರ್‌ಗಳಿಗೆ ಕರೆಂಟ್ ಹಂಚುವ ಪ್ಲಗ್ ಪಟ್ಟಿ) ಯಾರೋ ರಾ ಪವರ್‌ಗೆ, ಅಂದರೆ ಯುಪಿಎಸ್ ಇಲ್ಲದ ನೇರ ಲೈನಿಗೆ, ಸಿಕ್ಕಿಸಿದ್ದಾರೆ. ಒಂದರಲ್ಲಿ ಮಾತ್ರ ಇದ್ದರೆ ಕೇಬಲ್ ಸಡಿಲವಾಗಿದೆಯೇ ನೋಡಿ, ಪವರ್ ಸಪ್ಲೈ ಮೇಲಿನ ಅನುಮಾನ ಆಮೇಲೆ.

ಹೀಗೆ ಹೋಲಿಸಬೇಕಾದರೆ ಗಡಿಯಾರ ಸರಿಯಿರಬೇಕು. ಬಿಎಂಸಿಗೆ ಅದರದ್ದೇ ಗಡಿಯಾರ. 'ಸೆಲ್ ಟೈಮ್ ಗೆಟ್' ಕೊಟ್ಟು ಬಂದದ್ದನ್ನು 'ಡೇಟ್' ಜೊತೆ ಹೋಲಿಸಿ. ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ ಇದ್ದರೆ ಗಾಬರಿ ಬೇಡ, ಒಂದು ಕಡೆ ಯುಟಿಸಿ, ಇನ್ನೊಂದು ಕಡೆ ನಮ್ಮ ಭಾರತೀಯ ಸಮಯ. ವ್ಯತ್ಯಾಸ ಏಳು ನಿಮಿಷವೋ ಮೂರು ದಿನವೋ ಆಗಿದ್ದರೆ ಬಿಎಂಸಿಯಲ್ಲೇ ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಗಡಿಯಾರ ಸರಿಪಡಿಸಿಕೊಳ್ಳುವ ವ್ಯವಸ್ಥೆ) ಹೊಂದಿಸಿ; ಆ ಸೌಲಭ್ಯವಿಲ್ಲದ ಹಳೆಯ ಯಂತ್ರವಾದರೆ 'ಸೆಲ್ ಟೈಮ್ ಸೆಟ್ ನೌ'. ಸಮಯದ ಜಾಗದಲ್ಲಿ 'ಪ್ರೀ-ಇನಿಟ್' ಎಂದಿದ್ದರೆ ಗಡಿಯಾರ ಹೊಂದಿಕೊಳ್ಳುವ ಮೊದಲೇ, ಸಾಮಾನ್ಯವಾಗಿ ಬಿಎಂಸಿ ಆಗಷ್ಟೇ ಏಳುತ್ತಿದ್ದಾಗ, ಬಿದ್ದ ಸಾಲು ಅದು.

ಮೆಮೊರಿಯ ಸಾಲುಗಳಿಗೆ ಬೇರೆಯದೇ ಲೆಕ್ಕ. 'ಅನ್‌ಕರೆಕ್ಟಬಲ್ ಇಸಿಸಿ' (ಮೆಮೊರಿಯ ತಪ್ಪು ತಿದ್ದುವ ವ್ಯವಸ್ಥೆಗೂ ಸರಿಪಡಿಸಲಾಗದ ದೋಷ) ಕಂಡರೆ ಚರ್ಚೆಯೇ ಇಲ್ಲ, ಡಿಐಎಂಎಂ (ಮೆಮೊರಿ ಪಟ್ಟಿ) ಬದಲಿಸುವ ಏರ್ಪಾಡು ಮಾಡಿ. ಜನ ಎಡವುವುದು 'ಕರೆಕ್ಟಬಲ್ ಇಸಿಸಿ' ಹತ್ತಿರ. ತಾನೇ ಸರಿಪಡಿಸಿಕೊಂಡಿದೆಯಲ್ಲ ಎಂದು ಸುಮ್ಮನಾಗುತ್ತಾರೆ. ಹಲವು ತಯಾರಕರ ಫರ್ಮ್‌ವೇರ್ ಇಂಥ ದೋಷ ಒಂದು ಮಿತಿ ದಾಟಿದ ಮೇಲೆಯೇ ಲಾಗ್‌ಗೆ ಬರೆಯುತ್ತದೆ. ಹಾಗಾಗಿ ನಿಮಗೆ ಕಂಡ ಒಂದು ಸಾಲಿನ ಹಿಂದೆ ಕಾಣದ ದೋಷಗಳು ಸಾಕಷ್ಟಿರಬಹುದು. ಗೂಗಲ್‌ನ ಸರ್ವರ್‌ಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವರ್ಷಕ್ಕೆ ಶೇಕಡಾ 8ಕ್ಕಿಂತ ಹೆಚ್ಚು ಡಿಐಎಂಎಂಗಳಲ್ಲಿ ಸರಿಪಡಿಸಬಹುದಾದ ದೋಷ ಕಂಡಿತ್ತು, ಹಾಗೆ ಕಂಡವುಗಳಲ್ಲಿ ಸರಿಪಡಿಸಲಾಗದ ದೋಷ ಬರುವ ಸಂಭವವೂ ಬಹಳ ಹೆಚ್ಚಿತ್ತು. ಲಿನಕ್ಸ್‌ನಲ್ಲಿ ಹಾರ್ಡ್‌ವೇರ್ ದೋಷ ದಾಖಲಿಸುವ ರಾಸ್‌ಡೀಮನ್ ಎಂಬ ಪ್ರೋಗ್ರಾಂ ಓಡುತ್ತಿದ್ದರೆ ಬಿಡಿ ದೋಷಗಳ ಎಣಿಕೆಯೂ ಸಿಗುತ್ತದೆ. ಯಾವ ಸ್ಲಾಟ್ ಎಂಬುದು ಮಾತ್ರ ಐಪಿಎಂಐಟೂಲ್‌ನಲ್ಲಿ ಕೆಲವೊಮ್ಮೆ ಸಿಗುವುದಿಲ್ಲ, ಯಾಕೆಂದರೆ ಆ 3 ಬೈಟ್‌ಗಳಲ್ಲಿ ಸ್ಲಾಟನ್ನು ಬರೆಯುವ ರೀತಿ ಒಬ್ಬೊಬ್ಬ ತಯಾರಕರದ್ದು ಒಂದೊಂದು. ಡೆಲ್ ಆದರೆ 'ರ‍್ಯಾಕ್‌ಎಡಿಎಂ ಗೆಟ್‌ಸೆಲ್' ಕೊಟ್ಟರೆ 'ಎ3' ಎಂದು ಬಿಡಿಸಿ ಹೇಳುತ್ತದೆ.

ನೆಟ್‌ವರ್ಕ್ ಮೂಲಕ ದೂರದಿಂದ ನೋಡುವುದಾದರೆ ಐಪಿಎಂಐಟೂಲ್‌ನ ಇಂಟರ್ಫೇಸ್ ಆಯ್ಕೆ 'ಲ್ಯಾನ್‌ಪ್ಲಸ್' ಇರಲಿ. ಪಾಸ್‌ವರ್ಡನ್ನು ಕಮಾಂಡಿನಲ್ಲೇ ಬರೆದರೆ ಶೆಲ್ ಹಿಸ್ಟರಿಯಲ್ಲಿ ಉಳಿಯುತ್ತದೆ. ದೊಡ್ಡಕ್ಷರದ 'ಇ' ಆಯ್ಕೆ ಕೊಟ್ಟರೆ ಅದನ್ನು ಎನ್ವಿರಾನ್ಮೆಂಟ್ ವೇರಿಯಬಲ್‌ನಿಂದ ಓದಿಕೊಳ್ಳುತ್ತದೆ. ಬಿಎಂಸಿಯ ಯುಡಿಪಿ 623 ಪೋರ್ಟ್ ಇಂಟರ್ನೆಟ್‌ಗೆ ಯಾವ ಕಾರಣಕ್ಕೂ ತೆರೆದಿರಬಾರದು. ಸರಿಯಾದ ಯೂಸರ್‌ನೇಮ್ ಗೊತ್ತಿದ್ದವರಿಗೆ ಲಾಗಿನ್‌ಗೆ ಮೊದಲೇ ಪಾಸ್‌ವರ್ಡಿನ ಹ್ಯಾಶ್ (ಊಹಿಸಿ ಒಡೆಯಬಹುದಾದ ಗುಪ್ತರೂಪ) ಕೈಗೆ ಸಿಗುವುದು ಐಪಿಎಂಐ 2.0 ಮಾನದಂಡದಲ್ಲೇ ಇರುವ ಲೋಪ, ಪ್ಯಾಚ್ ಹಾಕಿ ಮುಚ್ಚುವಂಥದ್ದಲ್ಲ. ಹೊಸ ಯಂತ್ರಗಳಲ್ಲಿ ಇದೇ ಲಾಗನ್ನು ರೆಡ್‌ಫಿಶ್ ಮೂಲಕ ಎಚ್‌ಟಿಟಿಪಿಎಸ್‌ನಲ್ಲಿ ಓದಬಹುದು. 2015ರಿಂದ ಈಚೆಗೆ ಬಂದ ಮಾನದಂಡ ಅದು. ಹೊಸದಾಗಿ ಸ್ಕ್ರಿಪ್ಟ್ ಬರೆಯುವವರು ಅದರಲ್ಲೇ ಬರೆಯುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಅಳಿಸುವ ವಿಚಾರ. ಮೊದಲು ಇಲಿಸ್ಟ್‌ನ ಔಟ್‌ಪುಟ್ಟನ್ನು ಯಂತ್ರದ ಹೆಸರು, ತಾರೀಖು ಹಾಕಿ ಫೈಲಿಗೆ ಇಳಿಸಿಕೊಳ್ಳಿ. ಜೊತೆಗೆ 'ಸೆಲ್ ಸೇವ್' ಕೂಡ ಮಾಡಿಟ್ಟುಕೊಳ್ಳಿ. ಆಮೇಲೆ 'ಸೆಲ್ ಕ್ಲಿಯರ್'. ಪೂರ್ತಿ ಅಳಿಯಲು ಕೆಲವು ಸೆಕೆಂಡ್ ಹಿಡಿಯುತ್ತದೆ, ತಕ್ಷಣ ಇಲಿಸ್ಟ್ ಕೊಟ್ಟು ಗಾಬರಿಯಾಗಬೇಡಿ. ಅಳಿಸಿದ ಮೇಲೆ ಸಾಮಾನ್ಯವಾಗಿ 'ಲಾಗ್ ಏರಿಯಾ ರೀಸೆಟ್/ಕ್ಲಿಯರ್ಡ್' ಎಂಬ ಸಾಲೊಂದು ಹೊಸದಾಗಿ ಕೂರುತ್ತದೆ. ಯಾವಾಗ ಅಳಿಸಿದರು ಎಂದು ಅದರಿಂದ ತಿಳಿಯುತ್ತದೆ, ಯಾರು ಎಂದು ತಿಳಿಯುವುದಿಲ್ಲ. ಟಿಕೆಟ್‌ನಲ್ಲಿ ಹೆಸರು ಬರೆಸುವ ಪದ್ಧತಿ ಇಟ್ಟುಕೊಂಡರೆ ಜಗಳ ಕಡಿಮೆ.

ಅಳಿಸಲು ಸರಿಯಾದ ಸಮಯ ಬಿಡಿಭಾಗ ಬದಲಿಸಿದ ಮೇಲೆ. ಎ3 ಸ್ಲಾಟಿನ ಡಿಐಎಂಎಂ ಮೇಲೆ ಅನುಮಾನವಿದ್ದು ಹೊಸದು ಇನ್ನೂ ಬಂದಿಲ್ಲವಾದರೆ, ಡೌನ್‌ಟೈಮ್ ಪಡೆದು ಅದನ್ನು ಅದೇ ಬಗೆಯ ಡಿಐಎಂಎಂ ಇರುವ ಬಿ3 ಜೊತೆ ಅದಲುಬದಲು ಮಾಡಿ, ಲಾಗ್ ಅಳಿಸಿ, ಯಂತ್ರವನ್ನು ಕೆಲಸಕ್ಕೆ ಹಚ್ಚಿ. ಮುಂದಿನ ದೋಷ ಬಿ3ರ ಹೆಸರಿನಲ್ಲಿ ಬಂದರೆ ಡಿಐಎಂಎಂ ವಾಪಸ್ ಕಳಿಸಿ. ಮತ್ತೆ ಎ3ರ ಹೆಸರಿನಲ್ಲೇ ಬಂದರೆ ಸ್ಲಾಟನ್ನೂ ಪ್ರೊಸೆಸರನ್ನೂ ನೋಡಬೇಕಾಗುತ್ತದೆ. ಸಪೋರ್ಟ್‌ಗೆ ಕಳಿಸುವಾಗ ಅದಲುಬದಲಿಗೆ ಮೊದಲಿನ ಫೈಲು, ಆಮೇಲಿನ ಫೈಲು ಎರಡನ್ನೂ ಲಗತ್ತಿಸಿ.